ರಸೀದಿಯಿಲ್ಲದ ಉಡುಗೊರೆ

ಮದುವೆ, ಉಪನಯನ, ಗೃಹಪ್ರವೇಶ ಮೊದಲಾದ ಶುಭಕಾರ್ಯಗಳಲ್ಲಿ ಬಂಧುಮಿತ್ರರು ಮುಯ್ಯಿ ಮಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯವು. ಹಿಂದೆ ಅದು ಸೀರೆ, ಪಂಚೆ, ಪಾತ್ರೆ, ಅಕ್ಕಿ, ತೆಂಗಿನಕಾಯಿಗಳ ರೂಪದಲ್ಲಿರುತ್ತಿದ್ದಿತು. ಪಂಚೆ ಎರಡಾದರೆ ಉಡಬಹುದು, ಕಾಯಿ ಹತ್ತಾದರೆ ಹಂಚಬಹುದು. ಈಗಲಾದರೋ ಅಂಗಡಿಯ ಯಂತ್ರಗಳೇ ಉಡುಗೊರೆಯಾಗಿ ಬರುವುವು. ಒಂದೇ ಮನೆಗೆ ಎರಡು ಮೂರು ಮಿಕ್ಸಿಗಳು ಬಂದರೆ ಚಟ್ನಿಯ ರುಚಿ ಎರಡು ಮೂರು ಪಾಲು ಹೆಚ್ಚುವುದಿಲ್ಲವಷ್ಟೆ. ಆಗ ಮನೆಯವರಿಗೆ ತೋರುವುದು ಒಂದೇ ದಾರಿ: ಬೇಡದುದನ್ನು ಅಂಗಡಿಗೆ ಹಿಂದಿರುಗಿಸಿ ಬೇಕಾದುದನ್ನು ತರುವುದು. ಆದರೆ ರಸೀದಿಯು ಕೊಟ್ಟವರ ಬಳಿಯಲ್ಲಿ, ವಸ್ತುವು ಪಡೆದವರ ಬಳಿಯಲ್ಲಿ! ತೊಡಕು ಹುಟ್ಟುವುದು ಇಲ್ಲಿಯೇ.

ಈ ತೊಡಕಿನಲ್ಲಿ ಸಿಕ್ಕಿ ನಮ್ಮ ಬೀದಿಯ ತಾಯಿಯೊಬ್ಬರು ಈಚೆಗೆ ಬಹಳವಾಗಿ ನೊಂದರು. ಪತಿಯು ತೀರಿಕೊಂಡ ಮೇಲೆ ಹೊಲಿಗೆಯ ಕೆಲಸದಿಂದಲೇ ಮಗಳನ್ನು ಓದಿಸಿ, ಸಾಲವಿಲ್ಲದೆ ಮದುವೆ ಮಾಡಿದ ಮಾನವಂತೆ ಆಕೆ. ಮುಯ್ಯಿಯ ಪೊಟ್ಟಣಗಳನ್ನು ಬಿಚ್ಚಿದಾಗ ಮೂರು ಮಿಕ್ಸಿಗಳು ಕಂಡುವು. ಒಂದನ್ನು ಮಗಳು ತನ್ನ ಸಂಸಾರಕ್ಕೆ ತೆಗೆದುಕೊಂಡು ಹೋದಳು. ಎರಡನೆಯದು ಮೊದಲ ದಿನವೇ ಸುಟ್ಟ ವಾಸನೆ ಬಂದು ನಿಂತುಹೋಯಿತು. ಮೂರನೆಯದು ಹೊಚ್ಚ ಹೊಸದು. ಕೊಟ್ಟವರ ಹೆಸರಿನ ಚೀಟಿ ಮಾತ್ರ ಎಲ್ಲಿಯೋ ಬಿದ್ದುಹೋಗಿದ್ದಿತು. ಡಬ್ಬದ ಮೇಲೆ ಅಂಗಡಿಯ ಮುದ್ರೆಯಿದ್ದುದರಿಂದ, ಮಗಳ ಒಪ್ಪಿಗೆ ಪಡೆದು, ಮೂರನೆಯದನ್ನು ಆ ಅಂಗಡಿಗೆ ಒಯ್ದರು.

ಅಲ್ಲಿಯ ಹುಡುಗನು, "ಬಿಲ್ಲು ಎಲ್ಲಿ?" ಎಂದನು. ಉಡುಗೊರೆಯೆಂದು ಇವರು ಹೇಳಲು, "ಎಲ್ಲರೂ ಹಾಗೆಯೇ ಹೇಳುತ್ತಾರೆ. ಇದು ನಿಮ್ಮ ಕೈಗೆ ಹೇಗೆ ಬಂದಿತೆಂದು ನಾವು ನಂಬುವುದು ಹೇಗೆ?" ಎಂದು ಗಿರಾಕಿಗಳೆಲ್ಲರ ಎದುರಿನಲ್ಲಿ ಕೇಳಿದನು. ಆ ತಾಯಿ ಮರುಮಾತಾಡದೆ ಡಬ್ಬವನ್ನೆತ್ತಿಕೊಂಡು ಮನೆಗೆ ಬಂದರು. ಸಾಯಂಕಾಲ ನಮ್ಮ ಜಗಲಿಯ ಮೇಲೆ ಕುಳಿತು, "ಮೇಷ್ಟ್ರೇ, ನನ್ನನ್ನು ಕಳ್ಳಿಯೆಂದರು. ಪೊಲೀಸಿನವರು ಮನೆಗೆ ಬರುವರೇ? ಬೀಗರ ಕಿವಿಗೆ ಬಿದ್ದರೆ ಮಗಳ ಗತಿಯೇನು?" ಎಂದು ಕಣ್ಣೀರಿಟ್ಟರು.

ನಾನು ಮೂವತ್ತು ವರ್ಷ ಸಂಸ್ಕೃತವನ್ನು ಪಾಠ ಹೇಳಿದವನೇ ಹೊರತು ನ್ಯಾಯವಾದಿಯಲ್ಲ. ಆದರೆ ನನ್ನ ಶಿಷ್ಯನೊಬ್ಬನು ವಕೀಲನಾಗಿರುವನು. ಅವನ ನೆರವಿನಿಂದ ಕಾಯಿದೆಯ ಪುಸ್ತಕಗಳನ್ನು ತಿರುವಿ ನೋಡಿ ತಿಳಿದುಕೊಂಡುದನ್ನು ಇತರ ಗೃಹಿಣಿಯರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿರುವೆನು.

ಮೊದಲನೆಯ ಪ್ರಶ್ನೆ: ಉಡುಗೊರೆಯಾಗಿ ಬಂದ ವಸ್ತು ಯಾರದು? ಕೊಡುವವನ ಸ್ವತ್ವವು ತೊಲಗಿ ಪಡೆಯುವವನ ಸ್ವತ್ವವು ಹುಟ್ಟುವುದೇ ದಾನವೆಂದು ನಮ್ಮ ಧರ್ಮಶಾಸ್ತ್ರಕಾರರ ಅಭಿಪ್ರಾಯ. ೧೮೮೨ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯೂ ಬಹುಮಟ್ಟಿಗೆ ಇದನ್ನೇ ಹೇಳುವುದು. ಪ್ರತಿಫಲವಿಲ್ಲದೆ, ಸ್ವಇಚ್ಛೆಯಿಂದ ಒಬ್ಬನು ಕೊಟ್ಟು ಮತ್ತೊಬ್ಬನು ಸ್ವೀಕರಿಸಿದರೆ ಅದು ದಾನವು. ಚರವಸ್ತುವಾದರೆ ಕೈಗೆ ಒಪ್ಪಿಸಿದರೆ ಸಾಕು, ಬರಹವೂ ಬೇಡ, ನೋಂದಣಿಯೂ ಬೇಡ. ಆದುದರಿಂದ ಮುಯ್ಯಿಯ ಮಿಕ್ಸಿಯು ಮದುಮಗಳದೇ ಸರಿ. ಅವಳ ಒಪ್ಪಿಗೆಯಿಂದ ತಾಯಿಯು ಅದನ್ನು ಅಂಗಡಿಗೆ ಒಯ್ದುದರಲ್ಲಿ ಲೇಶಮಾತ್ರವೂ ತಪ್ಪಿಲ್ಲ.

ಎರಡನೆಯ ಪ್ರಶ್ನೆ: ರಸೀದಿಯಿಲ್ಲದೆ ವಸ್ತುವನ್ನು ಇಟ್ಟುಕೊಂಡಿರುವುದು ಅಪರಾಧವೇ? ಎಂದಿಗೂ ಅಲ್ಲ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವೆಂದರೆ, ಮತ್ತೊಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕ ಬುದ್ಧಿಯಿಂದ ತೆಗೆಯುವುದು. ಕಳವಿನ ಮಾಲನ್ನು ಪಡೆದುದು ಅಪರಾಧವಾಗಬೇಕಾದರೂ, ಅದು ಕಳವಿನದೆಂದು ತಿಳಿದಿರಬೇಕು, ಇಲ್ಲವೆ ಹಾಗೆಂದು ನಂಬಲು ಕಾರಣವಿರಬೇಕು. ಅಪ್ರಾಮಾಣಿಕ ಬುದ್ಧಿಯೇ ಇಲ್ಲದ ಮೇಲೆ ಅಪರಾಧವೆಲ್ಲಿಯದು? ಇಷ್ಟೇ ಅಲ್ಲ. ಒಂದು ವಸ್ತುವು ಒಬ್ಬರ ಸ್ವಾಧೀನದಲ್ಲಿರುವಾಗ "ಇದು ಇವರದಲ್ಲ" ಎಂದು ವಾದಿಸುವವನೇ ಆ ಮಾತನ್ನು ರುಜುವಾತುಪಡಿಸಬೇಕೆಂಬುದು ನಮ್ಮ ಸಾಕ್ಷ್ಯದ ಕಾಯಿದೆಯಲ್ಲಿ ಹಿಂದೆಯೂ ಇದ್ದಿತು, ೨೦೨೩ರ ಹೊಸ ಅಧಿನಿಯಮದಲ್ಲಿಯೂ ಇದೆ.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ನಿಜವಾಗಿಯೇ ಕಳವಾದ ಮಾಲು ಸ್ವಲ್ಪ ಕಾಲದಲ್ಲಿಯೇ ಒಬ್ಬನ ಬಳಿ ಸಿಕ್ಕಿ, ಅದು ಬಂದ ಬಗೆಯನ್ನು ಅವನು ಹೇಳಲಾರದೆ ಹೋದರೆ, ನ್ಯಾಯಾಲಯವು ಅವನ ವಿರುದ್ಧವಾಗಿ ಊಹಿಸಬಹುದು. ಆದಕಾರಣ ವಸ್ತುವು ಬಂದ ಬಗೆಯನ್ನು ಇದ್ದಂತೆ ಹೇಳಬಲ್ಲವರಾಗಿರುವುದು ಮುಖ್ಯವು. ಈ ಕೆಲಸಕ್ಕೆ ನಮ್ಮ ಹಿರಿಯರು ಇಡುತ್ತಿದ್ದ ಮುಯ್ಯಿಯ ಪುಸ್ತಕಕ್ಕಿಂತ ಒಳ್ಳೆಯ ಆಧಾರ ಯಾವುದಿದೆ?

ಸುಳ್ಳು ಹೇಳುವುದು ಮಾತ್ರ ಬೇರೆಯ ಮಾತು. ಬೇರೆ ಕಡೆಯ ಮಾಲನ್ನು ತಂದು "ನಿಮ್ಮಲ್ಲಿಯೇ ಕೊಂಡೆನು, ರಸೀದಿ ಕಳೆದುಹೋಯಿತು" ಎಂದು ನಂಬಿಸಿ ಹಣ ಪಡೆದರೆ ಅದು ವಂಚನೆಯಾಗುವುದು. ಪರರ ರಸೀದಿಯನ್ನು ತೋರಿಸಿ ನಂಬಿಸಿದರೂ ಹಾಗೆಯೇ. ರಸೀದಿಯಿಲ್ಲದಿರುವುದು ತಪ್ಪಲ್ಲ, ಆ ಕೊರತೆಯನ್ನು ಸುಳ್ಳಿನಿಂದ ತುಂಬುವುದು ತಪ್ಪು.

ಮೂರನೆಯ ಪ್ರಶ್ನೆಯೇ ವ್ಯವಹಾರದಲ್ಲಿ ದೊಡ್ಡದು: ಅಂಗಡಿಯವನು ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳಲೇಬೇಕೇ? ಇಲ್ಲಿ ಎರಡು ಸಂದರ್ಭಗಳನ್ನು ವಿಂಗಡಿಸಿ ತಿಳಿಯತಕ್ಕದ್ದು. ವಸ್ತುವಿನಲ್ಲಿ ದೋಷವಿಲ್ಲ, ನಮಗೆ ಬೇಡವಾಗಿದೆ ಅಷ್ಟೆ, ಎಂಬುದು ಒಂದು. ವಸ್ತುವೇ ದೋಷಯುಕ್ತವಾಗಿದೆ ಎಂಬುದು ಇನ್ನೊಂದು.

ಬೇಡವಾದ ವಸ್ತುವನ್ನು ಹಿಂದಿರುಗಿಸುವುದಕ್ಕೆ ೧೯೩೦ನೆಯ ಇಸವಿಯ ಸರಕು ಮಾರಾಟದ ಕಾಯಿದೆಯು ಯಾವ ಹಕ್ಕನ್ನೂ ಕೊಟ್ಟಿಲ್ಲ. "ಒಪ್ಪಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ತನ್ನಿ" ಎಂಬ ಕರಾರಿದ್ದರೆ ಮಾತ್ರ ಆ ಕರಾರಿನಂತೆ ನಡೆಯುವುದು. ಇಲ್ಲವಾದರೆ ಬದಲಾಯಿಸಿ ಕೊಡುವುದು ವರ್ತಕನ ಸೌಜನ್ಯ.

ಈ ವಿಚಾರದಲ್ಲಿ ನಮ್ಮ ಪ್ರಾಚೀನರು ಬಹು ಸೂಕ್ಷ್ಮವಾಗಿ ಚಿಂತಿಸಿದ್ದರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ "ಕ್ರಯವಿಕ್ರಯಾನುಶಯ"ವೆಂಬುದೂ ಒಂದು. ಅನುಶಯವೆಂದರೆ ಪಶ್ಚಾತ್ತಾಪ. ಕೊಂಡ ಮೇಲೆ ಅಥವಾ ಮಾರಿದ ಮೇಲೆ ಮನಸ್ಸು ಹಿಂಜರಿದರೆ ಹತ್ತು ದಿನಗಳೊಳಗೆ ಹಿಂದಕ್ಕೆ ಕೊಡಬಹುದು, ಪಡೆಯಬಹುದು ಎಂದು ಮನುವಿನ ವಿಧಿ. ನಾರದಸ್ಮೃತಿಯದು ಇನ್ನೂ ಬಿಗಿಯಾದ ಲೆಕ್ಕ. ಅದೇ ದಿನ, ಕೆಡಿಸದೆ, ಹಿಂದಿರುಗಿಸಿದರೆ ಪೂರ್ಣ ಬೆಲೆ. ಎರಡನೆಯ ದಿನವಾದರೆ ಬೆಲೆಯಲ್ಲಿ ಮೂವತ್ತನೆಯ ಒಂದು ಪಾಲು ನಷ್ಟ. ಮೂರನೆಯ ದಿನ ಅದರ ಇಮ್ಮಡಿ. ಅನಂತರ ವಸ್ತುವು ಕೊಂಡವನದೇ. ಮೂರು ಸಾವಿರ ರೂಪಾಯಿಯ ವಸ್ತುವೆಂದರೆ ಎರಡನೆಯ ದಿನ ನೂರು, ಮೂರನೆಯ ದಿನ ಇನ್ನೂರು ರೂಪಾಯಿ ಬಿಡಬೇಕಾಗುತ್ತಿದ್ದಿತು. ಯಾಜ್ಞವಲ್ಕ್ಯನು ಪರೀಕ್ಷೆಯ ಅವಧಿಯನ್ನು ವಸ್ತುವಿಗೆ ತಕ್ಕಂತೆ ಹೇಳಿರುವನು: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಬೀಜವು ಮೊಳೆಯುವುದಕ್ಕೂ ಹಸುವಿನ ಹಾಲನ್ನು ಅಳೆಯುವುದಕ್ಕೂ ಬೇಕಾಗುವ ಕಾಲ ಒಂದೇ ಅಲ್ಲವಷ್ಟೆ! ಈ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನೆಂಬುದನ್ನು ನೆನೆದರೆ ಕನ್ನಡಿಗರಿಗೆ ಹೆಮ್ಮೆಯಾಗುವುದು.

ಇನ್ನು ದೋಷವುಳ್ಳ ವಸ್ತುವಿನ ಮಾತು. ಇಲ್ಲಿ ಸೌಜನ್ಯವನ್ನು ಬೇಡಬೇಕಾಗಿಲ್ಲ. ಕಾಯಿದೆಯೇ ನಮ್ಮ ಬೆನ್ನಿಗಿದೆ. ೨೦೨೦ನೆಯ ಜುಲೈ ೨೦ರಿಂದ ಜಾರಿಗೆ ಬರತೊಡಗಿದ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ, ಹಣ ಕೊಟ್ಟು ಕೊಂಡವನು ಮಾತ್ರವಲ್ಲದೆ, ಅವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ. ಉಡುಗೊರೆ ಪಡೆದವರಿಗೆ ಇದಕ್ಕಿಂತ ದೊಡ್ಡ ಅಭಯವೇನು ಬೇಕು? ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿರುವ ಅವಧಿಯೊಳಗೆ, ಅವಧಿಯನ್ನು ಹೇಳಿಲ್ಲದಿದ್ದರೆ ೩೦ ದಿನಗಳೊಳಗೆ, ಹಿಂದಕ್ಕೆ ಪಡೆದು ಹಣವನ್ನು ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಅದೇ ಅಧಿನಿಯಮವು ಸಾರಿದೆ. ರಸೀದಿಯನ್ನೇ ಕೊಡದಿರುವುದೂ ಅಂಥದೇ ಅನುಚಿತ ಪದ್ಧತಿ. "ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಗೋಡೆಗೆ ತೂಗುಹಾಕಿದ ಹಲಗೆಯು ದೋಷಯುಕ್ತ ವಸ್ತುವಿನ ಮಟ್ಟಿಗೆ ಕಾಯಿದೆಗಿಂತ ದೊಡ್ಡದಲ್ಲ.

ರಸೀದಿಯಿಲ್ಲದೆ ಇದನ್ನೆಲ್ಲ ಸಾಧಿಸುವುದು ಹೇಗೆ ಎಂದು ಕೇಳಬಹುದು. ರಸೀದಿಯು ಖರೀದಿಗೆ ಒಂದು ಸಾಕ್ಷ್ಯವೇ ಹೊರತು ಅದೊಂದೇ ಸಾಕ್ಷ್ಯವಲ್ಲ. ಅಂಗಡಿಯ ಮುದ್ರೆಯುಳ್ಳ ವಾರಂಟಿ ಕಾರ್ಡು, ಯಂತ್ರದ ಮೇಲೆ ಕೊರೆದಿರುವ ಕ್ರಮಸಂಖ್ಯೆ, ಕೊಂಡವರು ಫೋನಿನ ಮೂಲಕ ಹಣ ಕಳುಹಿಸಿದುದರ ದಾಖಲೆ, ಬ್ಯಾಂಕಿನ ಲೆಕ್ಕ, ಕೊಟ್ಟವರ ಮಾತು, ಇವೆಲ್ಲವೂ ಸಾಕ್ಷ್ಯಗಳೇ. ಅಂಗಡಿಯವರು ಒಪ್ಪದಿದ್ದರೆ ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರನ್ನು ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ, ನಾವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ೫ ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯೂ ಇಲ್ಲ.

ಇಷ್ಟನ್ನು ತಿಳಿದುಕೊಂಡು ನಾನೂ ಆ ತಾಯಿಯೂ ಮೂರು ದಿನಗಳ ಮೇಲೆ ಮೊದಲಿನ ಅಂಗಡಿಗೆ ಹೋದೆವು. ಈ ಸಲ ಹಿರಿಯ ಯಜಮಾನರೇ ಗಲ್ಲಾದಲ್ಲಿದ್ದರು. ಆ ತಾಯಿ ಇದ್ದುದನ್ನು ಇದ್ದಂತೆ ಹೇಳಿದರು: "ಸ್ವಾಮಿ, ಇದು ಮಗಳಿಗೆ ಮುಯ್ಯಿಯಾಗಿ ಬಂದುದು. ಕೊಟ್ಟವರು ಯಾರೋ ತಿಳಿಯದು. ಕೆಟ್ಟಿಲ್ಲ, ನಮಗೆ ಹೆಚ್ಚಾಗಿದೆ. ಬದಲಾಯಿಸಿ ಕೊಟ್ಟರೆ ಉಪಕಾರ, ಇಲ್ಲದಿದ್ದರೆ ಬೇಸರವಿಲ್ಲ." ಯಜಮಾನರು ಡಬ್ಬದ ಸಂಖ್ಯೆಯನ್ನು ತಮ್ಮ ಗಣಕಯಂತ್ರದಲ್ಲಿ ನೋಡಿಸಿದರು. ಮದುವೆಗೆ ನಾಲ್ಕು ದಿನ ಮುಂಚೆ ಅಲ್ಲಿಯೇ ಮಾರಾಟವಾದುದು ಕಂಡುಬಂದಿತು. ಹುಡುಗನ ಮಾತಿಗಾಗಿ ಅವರು ಕ್ಷಮೆ ಕೇಳಿ, "ಅಮ್ಮ, ನಮ್ಮ ಕಷ್ಟವೂ ಇದೆ. ಕದ್ದ ಮಾಲನ್ನು ತಂದು ಹಣ ಕೇಳುವವರುಂಟು; ಬೇರೆ ಕಡೆ ಅಗ್ಗಕ್ಕೆ ಕೊಂಡು ಇಲ್ಲಿ ಪೂರ್ಣ ಬೆಲೆ ಕೇಳುವವರುಂಟು. ಹಣ ಕೊಡಲಾರೆ, ಅದು ಕೊಂಡವರಿಗೆ ಸೇರಬೇಕಾದುದು. ಅದೇ ಬೆಲೆಗೆ ಬೇರೆ ಏನನ್ನಾದರೂ ತೆಗೆದುಕೊಳ್ಳಿ" ಎಂದರು. ಆ ಮಾತು ನನಗೂ ನ್ಯಾಯವೆಂದೇ ತೋರಿತು. ಒಂದು ಕುಕ್ಕರೂ ಒಂದು ಇಸ್ತ್ರಿಪೆಟ್ಟಿಗೆಯೂ ಮನೆಗೆ ಬಂದುವು.

ಕೆಟ್ಟುಹೋದ ಮಿಕ್ಸಿಯನ್ನು ಕೊಟ್ಟವನು ಆಕೆಯ ಅಕ್ಕನ ಮಗ. ಅವನನ್ನು ರಸೀದಿ ಕೇಳಲು ಆಕೆಗೆ ಸಂಕೋಚ. "ದಾನ ಕೊಟ್ಟ ಹಸುವಿನ ಹಲ್ಲೆಣಿಸಿದಂತಾಗುವುದಿಲ್ಲವೇ, ಮೇಷ್ಟ್ರೇ?" ಎಂದರು. "ಅಮ್ಮ, ಅವನು ಕೊಟ್ಟುದು ಪ್ರೀತಿ, ಅಂಗಡಿಯವನು ಅವನಿಗೆ ಕೊಟ್ಟುದು ಕೆಟ್ಟ ಮಾಲು. ಎಣಿಸುತ್ತಿರುವುದು ಅಂಗಡಿಯವನ ಹಲ್ಲನ್ನೇ ಹೊರತು ಅವನದನ್ನಲ್ಲ" ಎಂದು ನಾನು ಧೈರ್ಯ ಹೇಳಿದೆನು. ಫೋನಿನಲ್ಲಿ ವಿಷಯ ತಿಳಿದೊಡನೆ ಆ ಹುಡುಗನು, "ಚಿಕ್ಕಮ್ಮ, ನೀವು ಸುಮ್ಮನಿದ್ದು ಅದನ್ನು ಅಟ್ಟಕ್ಕೆ ಹಾಕಿದ್ದರೆ ನನಗೆ ನಿಜವಾಗಿ ದುಃಖವಾಗುತ್ತಿತ್ತು" ಎಂದು ಹೇಳಿ, ರಸೀದಿಯ ಚಿತ್ರವನ್ನು ಆಗಲೇ ಕಳುಹಿಸಿದನು. ಆ ಅಂಗಡಿಯವರು ವಾರದೊಳಗೆ ಹೊಸ ಯಂತ್ರವನ್ನು ಕೊಟ್ಟರು. ಆಯೋಗದವರೆಗೆ ಹೋಗಬೇಕಾಗಲಿಲ್ಲ.

ಓದುಗರಿಗೆ ನನ್ನ ಬಿನ್ನಹವಿಷ್ಟು. ಉಡುಗೊರೆ ಕೊಡುವವರು ರಸೀದಿಯನ್ನು ತಪ್ಪದೆ ಕೇಳಿ ಪಡೆದು, ವರ್ಷವಾದರೂ ಜೋಪಾನ ಮಾಡಿಡಿರಿ. ಯಂತ್ರವನ್ನು ಕೊಡುವಾಗ ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಹಾಕಿಸಿ ಡಬ್ಬದೊಳಗಿಡಿರಿ. ಬೆಲೆ ಕಾಣುವುದೆಂಬ ನಾಚಿಕೆ ಬೇಡ. ಮುಚ್ಚಿದ ಲಕೋಟೆಯಲ್ಲಿ ಇಟ್ಟರಾಯಿತು. ಪಡೆಯುವವರು ಮುಯ್ಯಿಯ ಪುಸ್ತಕದಲ್ಲಿ ಕೊಟ್ಟವರ ಹೆಸರಿನ ಮುಂದೆ ವಸ್ತುವನ್ನೂ ಅಂಗಡಿಯ ಹೆಸರನ್ನೂ ಅಂದೇ ಬರೆದಿಡಿರಿ. ಡಬ್ಬವನ್ನು ತಿಂಗಳವರೆಗೆ ಬಿಸುಡಬೇಡಿರಿ. ಯಂತ್ರವನ್ನು ಮೊದಲ ವಾರದಲ್ಲಿಯೇ ನಡೆಸಿ ನೋಡಿರಿ. ಅಂಗಡಿಯವರು ಸಂಶಯವಿದ್ದರೆ ಒಳಗೆ ಕರೆದು ಮೆಲ್ಲಗೆ ಕೇಳಲಿ. ಪ್ರಶ್ನೆ ಕೇಳುವುದು ಅವರ ಹಕ್ಕು. ನಾಲ್ಕು ಜನರೆದುರು ಮಾನ ಕಳೆಯುವುದು ಯಾರ ಹಕ್ಕೂ ಅಲ್ಲ.

ಆ ತಾಯಿ ಈಗ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾರೆ. ಮೊನ್ನೆ ಮನೆಗೆ ಬಂದು ಹೊಸ ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಗಳನ್ನು ನನ್ನ ಮನೆಯಾಕೆಯ ಕೈಗಿತ್ತರು. ಅದಕ್ಕೆ ರಸೀದಿಯಿರಲಿಲ್ಲ, ನಾವು ಕೇಳಲೂ ಇಲ್ಲ.