ಹೊಲಿಗೆ ಬಿಚ್ಚಿದ ಮೇಲಿನ ದಿನಗಳು

ಶಸ್ತ್ರಚಿಕಿತ್ಸೆಯಾದವರು ಆಸ್ಪತ್ರೆಯ ಹೊಸ್ತಿಲನ್ನು ದಾಟಿ ಮನೆಗೆ ಬಂದರೆಂದರೆ ಕಾಯಿಲೆಯ ಪ್ರಕರಣವು ಅಲ್ಲಿಗೆ ಮುಗಿಯಿತೆಂದು ಬಂಧುವರ್ಗವು ಭಾವಿಸುವುದು ವಾಡಿಕೆ. ವಾರ ಹತ್ತು ದಿನಗಳಲ್ಲಿ ಹೊಲಿಗೆಯನ್ನು ಬಿಚ್ಚಿಸಿಕೊಂಡು ಬಂದಮೇಲಂತೂ ಆ ಭಾವನೆಯು ನಿಶ್ಚಯವೇ ಆಗಿಬಿಡುತ್ತದೆ. ದೇಹದ ಲೆಕ್ಕ ಬೇರೆ. ಕತ್ತರಿಸಿ ಕೂಡಿಸಿದ ಚರ್ಮವು ಮೊದಲ ವಾರದ ಕೊನೆಯಲ್ಲಿ ತನ್ನ ಸಹಜ ಬಲದ ಸುಮಾರು ಶೇಕಡ 3ರಷ್ಟನ್ನು ಮಾತ್ರ ಪಡೆದಿರುತ್ತದೆ. ಮೂರು ವಾರಗಳಿಗೆ ಅದು ಶೇಕಡ 20ರ ಸಮೀಪಕ್ಕೆ ಬರುತ್ತದೆ. ಮೂರು ತಿಂಗಳು ಕಳೆದಮೇಲೆ ಶೇಕಡ 80ರ ಆಸುಪಾಸನ್ನು ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಹೊಲಿಗೆ ಬಿಚ್ಚುವ ದಿನವು ಹೀಗೆ ಗಾಯವು ಅತ್ಯಂತ ದುರ್ಬಲವಾಗಿರುವ ದಿನಗಳಲ್ಲೊಂದು. ಅಂದು ಒಡಲಿನ ಒಳಪದರಗಳನ್ನು ಹಿಡಿದಿಟ್ಟಿರುವುದು ಮೈಯ ಸ್ವಂತ ಮಾಂಸವಲ್ಲ, ವೈದ್ಯನು ಆಳದಲ್ಲಿ ಹಾಕಿ ಬಿಟ್ಟಿರುವ ದಾರ.

ಆ ಬಲವು ಬರುವ ಬಗೆಯನ್ನು ಸ್ಥೂಲವಾಗಿ ತಿಳಿದಿದ್ದರೆ ಮುಂದಿನ ಮಾತುಗಳು ಸುಲಭವಾದಾವು. ಮೊದಲ ಮೂರು ನಾಲ್ಕು ದಿನ ರಕ್ತದ ಬಿಳಿಯ ಕಣಗಳು ಗಾಯದೊಳಗಿನ ಕಶ್ಮಲವನ್ನೂ ರೋಗಾಣುಗಳನ್ನೂ ತೆಗೆದುಹಾಕುವ ಕಾರ್ಯದಲ್ಲಿ ತೊಡಗಿರುತ್ತವೆ. ಗಾಯದ ಅಂಚು ಕೆಂಪಗಾಗಿ, ತುಸು ಊದಿ, ಬೆಚ್ಚಗಿರುವುದು ಈ ಶುದ್ಧಿಕಾರ್ಯದ ಲಕ್ಷಣ. ಅದಾದಮೇಲೆ ತಂತುಗಳನ್ನು ನೇಯುವ ಕೋಶಗಳು ಬಂದು, ಎರಡು ಮೂರು ವಾರಗಳ ಕಾಲ ಕೊಲಾಜನ್ ಎಂಬ ಸಸಾರಜನಕದ ಎಳೆಗಳನ್ನು ಅವಸರದಿಂದ, ಅಡ್ಡಾದಿಡ್ಡಿಯಾಗಿ ಹಾಸುತ್ತವೆ. ಆ ಎಳೆಗಳನ್ನು ಕಳಚಿ, ಎಳೆತ ಬೀಳುವ ದಿಕ್ಕಿನಲ್ಲಿ ಮರಳಿ ಜೋಡಿಸುವ ಕೆಲಸವು ಒಂದು ವರ್ಷದವರೆಗೂ, ಕೆಲವೊಮ್ಮೆ ಅದಕ್ಕೂ ಮೀರಿ, ನಡೆಯುತ್ತಲೇ ಇರುತ್ತದೆ. ಗಾರೆ ಆರದ ಗೋಡೆಯು ನೋಡುವವರಿಗೆ ಗೋಡೆಯಾಗಿಯೇ ಕಂಡರೂ ತೊಲೆಯ ಭಾರವನ್ನು ಹೊರಲಾರದು. ಹೊರಗೆ ಮಾಯ್ದಂತೆ ತೋರುವ ಹೊಟ್ಟೆಯ ಸ್ಥಿತಿಯೂ ಅದೇ.

ಹೊಟ್ಟೆಯ ಒಂದು ಗೇಣು ಗಾಯಕ್ಕೆ ಇಡೀ ಮೈಯೇ ಏಕೆ ಸೋತುಹೋಗಬೇಕೆಂಬ ಪ್ರಶ್ನೆಯನ್ನು ರೋಗಿಗಳು ಕೇಳುವುದುಂಟು. ಮನೆಯವರು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದುಂಟು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಡೇವಿಡ್ ಕತ್ಬರ್ಟ್‌ಸನ್ ಎಂಬ ವಿಜ್ಞಾನಿಯು 1930ರ ದಶಕದಲ್ಲಿ, ಕಾಲಿನ ಮೂಳೆ ಮುರಿದು ಬಂದ ರೋಗಿಗಳ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ, ಅದರಲ್ಲಿ ಸಾರಜನಕವು ಅಸಾಧಾರಣ ಪ್ರಮಾಣದಲ್ಲಿ ಹೊರಹೋಗುತ್ತಿರುವುದನ್ನು ಕಂಡನು. ಪೆಟ್ಟು ಬಿದ್ದಿದ್ದುದು ಒಂದೆಡೆ, ಕರಗುತ್ತಿದ್ದುದು ಮೈಯೆಲ್ಲದರ ಸ್ನಾಯು. ಅಂಗಾಂಗಗಳಿಗೆ ಆಘಾತವಾದಾಗ, ಅದು ಅಪಘಾತದ್ದಾಗಲಿ ಶಸ್ತ್ರವೈದ್ಯನ ಕತ್ತಿಯದಾಗಲಿ, ದೇಹವು ತನ್ನ ಸ್ನಾಯುಗಳನ್ನೇ ಒಡೆದು ದುರಸ್ತಿಗೆ ಬೇಕಾದ ಸಾಮಗ್ರಿಯನ್ನು ಒದಗಿಸಿಕೊಳ್ಳುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. ಮುಂದೆ ಬಾಸ್ಟನ್ನಿನ ಶಸ್ತ್ರವೈದ್ಯ ಫ್ರಾನ್ಸಿಸ್ ಮೂರ್, 1950ರ ದಶಕದಲ್ಲಿ ಬರೆದ ಗ್ರಂಥಗಳಲ್ಲಿ, ಚೇತರಿಕೆಯನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿದನು: ಆಘಾತದ ಘಟ್ಟ, ತಿರುವಿನ ಘಟ್ಟ, ಸ್ನಾಯುಬಲವು ಮರಳುವ ಘಟ್ಟ, ಕೊನೆಗೆ ಕೊಬ್ಬು ತುಂಬಿಕೊಳ್ಳುವ ಘಟ್ಟ. ಮನೆಗೆ ಮರಳುವ ರೋಗಿಯು ಸಾಮಾನ್ಯವಾಗಿ ಎರಡನೆಯದರ ಕೊನೆಯಲ್ಲೋ ಮೂರನೆಯದರ ಆದಿಯಲ್ಲೋ ಇರುತ್ತಾನೆ. ಹತ್ತು ಮೆಟ್ಟಿಲು ಹತ್ತಿ ಸುಸ್ತಾಗುವುದು, ಪುಸ್ತಕದ ಎರಡು ಪುಟ ಓದುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡು ಹೋಗುವುದು, ಇವೆಲ್ಲ ಸೋಮಾರಿತನವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ಹಾಗಾದರೆ ಹಾಸಿಗೆ ಹಿಡಿದೇ ಇರುವುದು ಕ್ಷೇಮವೋ ಎಂದರೆ, ಅದೂ ಅಲ್ಲ. ಹೊಟ್ಟೆಯನ್ನು ಕೊಯ್ದವರನ್ನು ಎರಡು ಮೂರು ವಾರ ಮಲಗಿಸಿಯೇ ಇಡುವ ಪದ್ಧತಿಯು ಒಂದು ಕಾಲದಲ್ಲಿ ಜಗತ್ತಿನ ಬಹುತೇಕ ಆಸ್ಪತ್ರೆಗಳಲ್ಲಿ ಇತ್ತು. ಷಿಕಾಗೋದ ಎಮಿಲ್ ರೀಸ್ ಎಂಬಾತನು 1899ರಲ್ಲಿಯೇ ಇದನ್ನು ಪ್ರಶ್ನಿಸಿ, ರೋಗಿಗಳನ್ನು ಬೇಗ ಎಬ್ಬಿಸಿ ನಡೆಸಬೇಕೆಂದು ಬರೆದನು. ಹೆಚ್ಚು ಮಂದಿ ಕಿವಿಗೊಡಲಿಲ್ಲ. 1940ರ ದಶಕದಲ್ಲಿ ಡೆಟ್ರಾಯಿಟಿನ ಲೈತಾಸರ್ ಎಂಬ ವೈದ್ಯನು ಅದನ್ನೇ ಪುನಃ ಸಾಧಿಸಿ ತೋರಿಸಬೇಕಾಯಿತು. ಮಲಗಿಯೇ ಇದ್ದರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು, ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವೇ ಆಗಬಹುದು. ಶ್ವಾಸಕೋಶದ ತಳಭಾಗವು ಕುಸಿದು ಕಫ ಕಟ್ಟಬಹುದು. ಇರುವ ಅಲ್ಪಸ್ವಲ್ಪ ಸ್ನಾಯುವೂ ಸವೆಯಬಹುದು. ಆದುದರಿಂದ ಇಂದಿನ ವೈದ್ಯರು ಶಸ್ತ್ರಚಿಕಿತ್ಸೆಯ ಮರುದಿನವೇ, ಎಷ್ಟೋ ಸಲ ಅದೇ ದಿನ ಸಂಜೆಯೇ, ರೋಗಿಯನ್ನು ನಿಲ್ಲಿಸಿ ನಡೆಸುತ್ತಾರೆ.

ತೊಡಕು ಹುಟ್ಟುವುದು ಇಲ್ಲಿಂದಲೇ. ನಡೆಯಬಹುದು ಎಂದ ವೈದ್ಯನ ಮಾತನ್ನು ಮನೆಯು ದುಡಿಯಬಹುದು ಎಂದು ಕೇಳಿಸಿಕೊಳ್ಳುತ್ತದೆ. ಶರೀರಶಾಸ್ತ್ರವನ್ನು ಅನುಸರಿಸುವುದಾದರೆ ಕೆಲಸಗಳು ಒಂದು ಕ್ರಮದಲ್ಲಿ ಮರಳಬೇಕು: ಮೊದಲು ನಡಿಗೆ, ಆಮೇಲೆ ಕುಳಿತು ಮಾಡುವ ಓದುಬರಹ, ಅದಾದಮೇಲೆ ಕುಳಿತು ಮಾಡುವ ಉದ್ಯೋಗ, ಎಲ್ಲಕ್ಕೂ ಕಡೆಯಲ್ಲಿ ಬಗ್ಗುವ, ಎತ್ತುವ, ಹಿಂಡುವ, ರುಬ್ಬುವ ಮನೆಗೆಲಸ. ನಮ್ಮ ಸಂಸಾರಗಳಲ್ಲಿ ಈ ಕ್ರಮವು ಬಹುಮಟ್ಟಿಗೆ ತಲೆಕೆಳಗಾಗಿದೆ. ಕಾರ್ಖಾನೆಗೆ ರಜೆಯ ಅರ್ಜಿ ಹೋಗುತ್ತದೆ, ಶಾಲೆಗೆ ವೈದ್ಯರ ಪತ್ರ ಹೋಗುತ್ತದೆ, ಒಲೆಗೆ ಮಾತ್ರ ಯಾವ ಅರ್ಜಿಯೂ ಹೋಗುವುದಿಲ್ಲ. ಹೋಗಬೇಕೆಂದು ಯಾರಿಗೂ ತೋಚುವುದೂ ಇಲ್ಲ. ರಜೆಯಲ್ಲಿ ಮನೆಯಲ್ಲಿಯೇ ಇದ್ದಾಳಲ್ಲ ಎಂಬ ನೆಪದಿಂದ, ಆರೋಗ್ಯವಾಗಿದ್ದಾಗ ಹಂಚಿಕೊಳ್ಳುತ್ತಿದ್ದವರೂ ತಮ್ಮ ಪಾಲನ್ನು ಅವಳಿಗೇ ಬಿಟ್ಟುಹೋಗುವುದುಂಟು.

ಹೆಣ್ಣನ್ನೇ ಕುರಿತು ಹೇಳುತ್ತಿರುವುದಕ್ಕೆ ಕಾರಣವಿದೆ. ಭಾರತ ಸರ್ಕಾರದ 2024ರ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಾರೆ. ಅದರಲ್ಲಿ ತೊಡಗುವ ಗಂಡಸರು 88 ನಿಮಿಷಗಳನ್ನು. ಪೀಣ್ಯದ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯಂತ್ರದ ಮುಂದೆ ಹಗಲನ್ನು ಕಳೆದು, ರಾತ್ರಿಯಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಪದವಿಗಾಗಿ ಓದುತ್ತಿರುವ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿರಿ. ಆಕೆಯ ಪಿತ್ತಕೋಶವನ್ನು ದರ್ಶಕ ನಳಿಗೆಯ ಮೂಲಕ, ಎಂದರೆ ಲ್ಯಾಪರೊಸ್ಕೋಪಿಯ ವಿಧಾನದಲ್ಲಿ, ತೆಗೆಯಲಾಗಿದೆ ಎನ್ನೋಣ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲು ಮಾಡಿ ತೋರಿಸಿದ ಈ ಉಪಾಯವು ರೋಗಿಗಳ ಪಾಲಿಗೆ ವರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ವರದ ಜೊತೆಗೊಂದು ವಕ್ರತೆಯೂ ಬಂದಿದೆ. ಹೊರಗಿನ ಗುರುತು ಚಿಕ್ಕದಾದಷ್ಟೂ ಮನೆಯ ಕನಿಕರವೂ ಚಿಕ್ಕದಾಗುತ್ತದೆ. “ನಾಲ್ಕು ತೂತು ತಾನೆ” ಎನ್ನುವವರಿಗೆ ಒಳಗೆ ಒಂದು ಅಂಗವನ್ನೇ ಬಿಡಿಸಿ ತೆಗೆದಿದ್ದಾರೆಂಬುದು ಕಾಣುವುದಿಲ್ಲ. ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಇಂಗಾಲಾಮ್ಲ ಅನಿಲವು ಎದೆ ಹೊಟ್ಟೆಗಳ ನಡುವಣ ವಪೆಯನ್ನು ಕೆರಳಿಸಿ ಹೆಗಲಿನಲ್ಲಿ ನೋವನ್ನು ಹುಟ್ಟಿಸುತ್ತದೆಂದು ಹೇಳಿದರೆ, ಹೊಟ್ಟೆ ಕೊಯ್ದರೆ ಹೆಗಲು ನೋಯುವುದುಂಟೆ ಎಂದು ನಗುತ್ತಾರೆ.

ವೈದ್ಯರು ಬಿಡುಗಡೆಯ ಚೀಟಿಯಲ್ಲಿ ‘ಭಾರ ಎತ್ತಬಾರದು’ ಎಂದು ಬರೆಯುತ್ತಾರೆ. ಭಾರವೆಂದರೆ ಅಕ್ಕಿಯ ಮೂಟೆಯೆಂದು ಮನೆಯವರ ಕಲ್ಪನೆ. ಹೊಟ್ಟೆಯನ್ನು ತೆರೆದು ಮಾಡಿದ ಶಸ್ತ್ರಚಿಕಿತ್ಸೆಯಾದಮೇಲೆ ನಾಲ್ಕರಿಂದ ಆರು ವಾರ ನಾಲ್ಕೈದು ಕಿಲೋಗ್ರಾಮಿಗಿಂತ ಹೆಚ್ಚಿನದನ್ನು ಎತ್ತಬಾರದೆಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಹದಿನೈದು ಲೀಟರು ಹಿಡಿಯುವ ಕೊಡದ ನೀರೇ ಹದಿನೈದು ಕಿಲೋ ತೂಗುತ್ತದೆ. ತುಂಬಿದ ಅಡಿಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿದ್ದರೆ ಅದರ ಉಕ್ಕಿನ ಮೈಯೂ ಹೆಚ್ಚುಕಡಮೆ ಅಷ್ಟೇ ತೂಗುತ್ತದೆ. ಇನ್ನು ತೂಕದ ಲೆಕ್ಕಕ್ಕೇ ಬಾರದ ಶ್ರಮಗಳಿವೆ. ರಾಗಿಮುದ್ದೆಯನ್ನು ತಿರುವುವಾಗ ಪಾತ್ರೆಯನ್ನು ಅಲುಗದಂತೆ ಹಿಡಿದು, ಗಟ್ಟಿಯಾಗುತ್ತಿರುವ ಹಿಟ್ಟಿನಲ್ಲಿ ಕೋಲನ್ನಾಡಿಸಲು ಉಸಿರು ಬಿಗಿಹಿಡಿದು ಸೊಂಟದಿಂದ ಮೇಲಿನ ಸ್ನಾಯುಗಳನ್ನೆಲ್ಲ ಹೂಡಬೇಕು. ನೆನೆದ ಹೊದಿಕೆಯನ್ನು ಹಿಂಡುವಾಗ, ನೆಲದ ಮೇಲಿನ ಈಳಿಗೆಮಣೆಯನ್ನು ಬಿಟ್ಟು ಏಳುವಾಗ, ಬಗ್ಗಿ ಅಂಗಳಕ್ಕೆ ಸಾರಣೆ ಮಾಡುವಾಗ ಹೊಟ್ಟೆಯೊಳಗಿನ ಒತ್ತಡವು ಏರುತ್ತದೆ. ಮಾಯುತ್ತಿರುವ ಗೋಡೆಯ ಮೇಲೆ ಅಂಥ ಒತ್ತಡವು ಪದೇಪದೇ ಬಿದ್ದರೆ, ತಿಂಗಳುಗಳು ಕಳೆದಮೇಲೆ ಆ ಜಾಗದಲ್ಲಿಯೇ ಕರುಳು ಹೊರಚಾಚಿ ಹರ್ನಿಯಾ ಆಗುವ ಸಂಭವವಿದೆ. ಎಷ್ಟು ವಾರ, ಎಷ್ಟು ಭಾರ ಎಂಬುದರಲ್ಲಿ ಶಸ್ತ್ರವೈದ್ಯರಲ್ಲಿಯೇ ಮತಭೇದವಿದೆಯೆಂಬುದನ್ನೂ, ಜಾಲರಿ ಹಾಕಿದ ತೊಡೆಸಂದಿನ ಹರ್ನಿಯಾದಂಥವುಗಳಲ್ಲಿ ನೋವು ತಡೆಯುವಷ್ಟು ಕೆಲಸವನ್ನು ಬೇಗನೆ ಮಾಡಬಹುದೆಂದು ಈಗ ಹೇಳುತ್ತಾರೆಂಬುದನ್ನೂ ಮರೆಮಾಚಬೇಕಾಗಿಲ್ಲ. ತಮಗೆ ಆದುದು ಯಾವ ಬಗೆಯದು, ತಮ್ಮ ಮನೆಯ ಕೆಲಸ ಯಾವ ಬಗೆಯದು ಎಂಬುದನ್ನು ವೈದ್ಯರೆದುರು ಹೆಸರು ಹಿಡಿದು ಕೇಳಬೇಕಾದುದೇ ಮುಖ್ಯ. ‘ಮನೆಗೆಲಸ ಮಾಡಬಹುದೆ’ ಎಂದು ಕೇಳಿದರೆ ಹೂಂ ಎನ್ನುವ ವೈದ್ಯನು, ‘ಬಾವಿಯಿಂದ ನೀರು ಸೇದಬಹುದೆ’ ಎಂದು ಕೇಳಿದರೆ ಖಂಡಿತ ಬೇಡವೆಂದಾನು.

ನಮ್ಮ ಹಿರಿಯರಿಗೆ ಈ ತಿಳಿವಳಿಕೆ ಇರಲಿಲ್ಲವೆನ್ನಲಾಗದು. ಹೆತ್ತವಳನ್ನು ತವರಿಗೆ ಕರೆದೊಯ್ದು ನೀರು ಹೊರಿಸದೆ, ಒಲೆಯ ಮುಂದೆ ಕೂರಿಸದೆ ತಿಂಗಳುಗಟ್ಟಲೆ ನೋಡಿಕೊಳ್ಳುವ ಬಾಣಂತನವೆಂಬ ಏರ್ಪಾಡನ್ನು ಅವರು ಕಟ್ಟಿದರು. ಗರ್ಭಕೋಶವನ್ನು ತೆಗೆಸಿಕೊಂಡ ನಲವತ್ತೈದರ ಹೆಂಗಸಿಗೆ ಆಗುವ ಆಘಾತವು ಅದಕ್ಕಿಂತ ಕಡಮೆಯದಲ್ಲ. ಆದರೆ ಆಕೆಗೆ ಹೋಗಲು ತವರಿಲ್ಲ, ತೊಟ್ಟಿಲಿಲ್ಲದ ಆಕೆಯ ವಿಶ್ರಾಂತಿಗೆ ಸಂಪ್ರದಾಯದ ಸಮ್ಮತಿಯೂ ಇಲ್ಲ. ಸಂಪ್ರದಾಯವು ಇಷ್ಟರಮಟ್ಟಿಗೆ ಬೆಳೆಯಬೇಕಾಗಿದೆ.

ಕೂಲಿಯ ಕೆಲಸದ ಸಂಗತಿಯನ್ನು ಕಾನೂನು ಕೊಂಚಮಟ್ಟಿಗೆ ನೋಡಿಕೊಂಡಿದೆ. ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವರು, ವಂತಿಗೆಯ ನಿಯಮಗಳನ್ನು ಪೂರೈಸಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70ರಷ್ಟನ್ನು ಕಾಯಿಲೆಯ ಭತ್ಯವಾಗಿ ಪಡೆಯಬಹುದು. ಸಂತಾನಹರಣ ಚಿಕಿತ್ಸೆಗೆ ಹೆರಿಗೆ ಸೌಲಭ್ಯದ ಕಾನೂನು ಹೆಂಗಸರಿಗೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿದೆ. ಹೊಲದ ಕೂಲಿಯವರಿಗೂ ಮನೆಗಳಲ್ಲಿ ಪಾತ್ರೆ ತೊಳೆಯುವವರಿಗೂ ಇವು ಎಟುಕುವುದಿಲ್ಲ. ಕುಳಿತು ಮಾಡುವ ಕೆಲಸದವರು ನಳಿಗೆಯ ಚಿಕಿತ್ಸೆಯಾದರೆ ಒಂದೆರಡು ವಾರಗಳಲ್ಲಿ ಮರಳುವುದು ಸಾಮಾನ್ಯ. ಆದರೆ ಅರಿವಳಿಕೆ ಪಡೆದ ಮೊದಲ 24 ಗಂಟೆಗಳಲ್ಲಿ ವಾಹನವನ್ನಾಗಲಿ ಯಂತ್ರವನ್ನಾಗಲಿ ನಡೆಸಬಾರದು, ಮುಖ್ಯ ಪತ್ರಗಳಿಗೆ ಸಹಿ ಹಾಕಬಾರದು; ಮುಂದೆಯೂ, ತಟ್ಟನೆ ಬ್ರೇಕು ಒತ್ತಿದಾಗ ಹೊಟ್ಟೆಯಲ್ಲಿ ನೋವು ಬರುವಷ್ಟು ದಿನ ದ್ವಿಚಕ್ರವಾಹನವನ್ನು ಮುಟ್ಟದಿರುವುದು ಲೇಸು.

ವಿದ್ಯಾರ್ಥಿಗಳ ವಿಷಯ ತುಸು ನಿರಾಳವಾಗಿದೆ. ಕರುಳಬಾಲದ ಉರಿಯೂತವು ಹೆಚ್ಚಾಗಿ ಬರುವುದು ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ, ಎಂದರೆ ಪರೀಕ್ಷೆಗಳ ವಯಸ್ಸಿನಲ್ಲಿ. ಆದರೆ ಎಳೆಯ ಮೈ ಬೇಗ ಮಾಯುತ್ತದೆ. ಕರ್ನಾಟಕದಲ್ಲಿ 2023–24ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗಳಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ, ಮೊದಲನೆಯದು ತಪ್ಪಿದರೆ ವರ್ಷವೇ ಹಾಳಾಯಿತೆಂದು ಹೊಲಿಗೆಯ ಹೊಟ್ಟೆಯನ್ನು ಹಿಡಿದುಕೊಂಡು ಪರೀಕ್ಷಾಮಂದಿರಕ್ಕೆ ಓಡಬೇಕಾದ ದುಸ್ಥಿತಿ ಈಗಿಲ್ಲ. ಚೀಲದ ಭಾರವನ್ನು ಮಾತ್ರ ಗಮನಿಸಬೇಕು: 2019ರ ಸರ್ಕಾರದ ಆದೇಶವು ಒಂಬತ್ತು ಹತ್ತನೆಯ ತರಗತಿಯವರಿಗೆ ನಾಲ್ಕರಿಂದ ಐದು ಕಿಲೋಗ್ರಾಮಿನ ಮಿತಿಯನ್ನಿಟ್ಟಿದೆ, ಆ ಮಿತಿಯೇ ಚೇತರಿಸಿಕೊಳ್ಳುತ್ತಿರುವವರಿಗೆ ಹೆಚ್ಚಾಯಿತು. ಓದನ್ನು ಅರ್ಧ ಅರ್ಧ ಗಂಟೆಗಳ ತುಂಡುಗಳಾಗಿ, ಬೆಳಗಿನ ಹೊತ್ತು, ನೋವಿನ ಮಾತ್ರೆಯ ಮಂಪರು ಇಳಿದಮೇಲೆ ಇಟ್ಟುಕೊಳ್ಳಲಿ.

ಆಹಾರವನ್ನು ಕುರಿತು ಒಂದು ಮಾತನ್ನು ಬಿಡುವಂತಿಲ್ಲ. ನಂಜಾಗುತ್ತದೆಂಬ ಭಯದಿಂದ ಬದನೆ, ಮೊಟ್ಟೆ, ಮಾಂಸ, ಬೇಳೆ, ಮೊಸರು ಎಲ್ಲವನ್ನೂ ಬಿಡಿಸಿ, ತಿಳಿಸಾರು ಅನ್ನದಲ್ಲಿ ತಿಂಗಳನ್ನು ನೂಕಿಸುವ ಮನೆಗಳು ಇನ್ನೂ ಇವೆ. ಗಾಯವನ್ನು ಕೂಡಿಸುವ ಕೊಲಾಜನ್ ಸಸಾರಜನಕದಿಂದಲೇ ಆಗಬೇಕು. ಅದರ ಎಳೆಗಳು ಗಟ್ಟಿಗೊಳ್ಳಲು ‘ಸಿ’ ಜೀವಸತ್ವವೂ ಬೇಕು. ಪಥ್ಯಕ್ಕೆ ಶಾಸ್ತ್ರದ ಆಧಾರವನ್ನು ಬಯಸುವವರು ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯವನ್ನು ನೋಡಬಹುದು. ವ್ರಣಿತನ ಶುಶ್ರೂಷೆಗೆಂದೇ ಮೀಸಲಾದ ಆ ಅಧ್ಯಾಯದಲ್ಲಿ ಮೊಸರು, ಹಾಲು, ಎಳ್ಳು, ಉದ್ದುಗಳನ್ನು ನಿಷೇಧಿಸಿರುವುದು ನಿಜವಾದರೂ, ಜಾಂಗಲಮಾಂಸ (ಒಣನಾಡಿನ ಪ್ರಾಣಿಗಳ ಮಾಂಸ), ಹೆಸರಿನ ಕಟ್ಟು, ದಾಳಿಂಬೆ, ನೆಲ್ಲಿಕಾಯಿಗಳನ್ನು ಉಣ್ಣಿಸಬೇಕೆಂದೂ ಇದೆ. ನಮ್ಮ ಅಜ್ಜಿಯರು ಅಷ್ಟೊಂದು ಹೆದರುವ ಬದನೆಯೂ ಅಲ್ಲಿ ಹಿತವಾದ ಕಾಯಿಪಲ್ಯಗಳ ಸಾಲಿನಲ್ಲಿಯೇ ಬಂದಿದೆ! ಪ್ರಿಯರಾದ ಗೆಳೆಯರು ಬಳಿಯಲ್ಲಿ ಕುಳಿತು ಕಥೆಗಳನ್ನು ಹೇಳಿ ನೋವನ್ನು ಮರೆಸಬೇಕೆಂದೂ ಆಚಾರ್ಯನು ವಿಧಿಸಿದ್ದಾನೆ. ಇಂದಿನ ವೈದ್ಯಕೀಯವು ಆ ನಿಷೇಧಗಳನ್ನು ಒಪ್ಪುವುದಿಲ್ಲ, ಉಳಿದುದಕ್ಕೆ ತಲೆದೂಗುತ್ತದೆ. ನೀರನ್ನೂ ನಾರುಳ್ಳ ಸೊಪ್ಪು ಹಣ್ಣುಗಳನ್ನೂ ಧಾರಾಳವಾಗಿ ತೆಗೆದುಕೊಂಡರೆ ಮಲಬದ್ಧತೆಯಿಂದ ತಿಣುಕುವ ಪ್ರಸಂಗವು ತಪ್ಪುತ್ತದೆ. ಕೆಮ್ಮು ಬಂದಾಗ ಗಾಯದ ಮೇಲೆ ಒಂದು ದಿಂಬನ್ನು ಅವುಚಿ ಹಿಡಿಯುವುದರಿಂದಲೂ, ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ ಹೊರಳಿ ಕೈಯೂರಿ ಏಳುವುದರಿಂದಲೂ ಎಳೆತವು ಕಡಮೆಯಾಗುತ್ತದೆ.

ಇಷ್ಟೆಲ್ಲ ಎಚ್ಚರದಲ್ಲಿದ್ದರೂ ಕೆಲವು ಲಕ್ಷಣಗಳು ಕಂಡರೆ ಓದು, ಉದ್ಯೋಗ, ಅಡಿಗೆಗಳ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಜ್ವರ ಬಂದರೆ, ಗಾಯದಿಂದ ಕೀವೋ ದುರ್ಗಂಧದ ನೀರೋ ಸುರಿದರೆ, ಗಾಯದ ಸುತ್ತಲ ಕೆಂಪು ದಿನದಿನಕ್ಕೆ ಹಬ್ಬುತ್ತಿದ್ದರೆ, ವಾಂತಿ ನಿಲ್ಲದೆ ಹೊಟ್ಟೆ ಉಬ್ಬರಿಸಿಕೊಂಡರೆ, ಒಂದೇ ಕಾಲಿನ ಮೀನಖಂಡವು ಊದಿ ನೋಯತೊಡಗಿದರೆ, ಪುನರ್ಭೇಟಿಯ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಉಸಿರು ಇದ್ದಕ್ಕಿದ್ದಂತೆ ಕಟ್ಟಿ ಎದೆ ನೋಯುವುದಾದರೆ 108ಕ್ಕೆ ಕರೆಮಾಡಿ ಆ ಕ್ಷಣವೇ ಹೊರಡತಕ್ಕದ್ದು.