ಹತ್ತಿದಂತೆ ಬೆಳೆಯುವ ಬೆಟ್ಟ

ದೊಡ್ಡಬಳ್ಳಾಪುರದ ಆಚೆ, ರೈಲುದಾರಿಯ ಮಗ್ಗುಲಲ್ಲಿ ತಲೆಯೆತ್ತಿ ನಿಂತಿರುವ ಮಾಕಳಿದುರ್ಗವನ್ನು ಹತ್ತಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮೊದಲ ಸಲ ಹೋದಾಗ ಅರ್ಧ ದಾರಿಗೇ ಉಸಿರು ಕಟ್ಟುತ್ತದೆ. ಬಂಡೆಯ ನೆರಳು ಕಂಡಲ್ಲೆಲ್ಲ ಕುಳಿತುಬಿಡೋಣವೆನ್ನಿಸುತ್ತದೆ. ನಾಲ್ಕಾರು ಸಲ ಹತ್ತಿದ ಮೇಲೆ ಅದೇ ದಾರಿ ಅರ್ಧಕ್ಕರ್ಧ ಕಿರಿದಾದಂತೆ ತೋರುತ್ತದೆ. ತುದಿಯಲ್ಲಿರುವ ಕೋಟೆಯ ಗೋಡೆ, ಶಿವನ ಗುಡಿ, ನಂದಿ ಎಲ್ಲವೂ ಇದ್ದಲ್ಲಿಯೇ ಇವೆ. ಬೆಟ್ಟ ತಗ್ಗಿಲ್ಲ, ಹತ್ತುವವನ ಕಾಲು ಬಲಿತಿದೆ. ಪಟ್ಟ ಶ್ರಮಕ್ಕೆ ತಕ್ಕ ಫಲ ಉಂಟೆಂಬ ಈ ನಂಬಿಕೆಯ ಮೇಲೆಯೇ ಸಂಸಾರಿಗಳ ಬಾಳು ಸಾಗುತ್ತದೆ.

ಆದರೆ ಹತ್ತಿದಷ್ಟೂ ಬೆಟ್ಟವೂ ಬೆಳೆಯತೊಡಗಿದರೆ? ಇನ್ನೂ ವಿಚಿತ್ರವೆಂದರೆ, ಕಾಲಿನ ಬಲಕ್ಕಿಂತ ಬೇಗ ಬೆಟ್ಟವೇ ಬೆಳೆದರೆ?

ಅಂಥ ಬೆಟ್ಟವೊಂದು ಕಂಪ್ಯೂಟರಿನ ತೆರೆಯ ಮೇಲಿದೆ. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾ ಸಂಸ್ಥೆಯವರು ೨೦೦೬ರ ಮಾರ್ಚಿ ತಿಂಗಳಲ್ಲಿ ಹೊರತಂದ ‘ದಿ ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ನಾಲ್ಕನೆಯ ಆಟ ‘ಅಬ್ಲಿವಿಯನ್’ ಅದು. ಸಿರೊಡೀಲ್ ಎಂಬ ಕಲ್ಪಿತ ನಾಡಿನ ಸೆರೆಮನೆಯಲ್ಲಿ ಹೆಸರಿಲ್ಲದ ಒಬ್ಬ ಕೈದಿಯಾಗಿ ಆಟಗಾರನು ಕಥೆಯನ್ನು ಆರಂಭಿಸುತ್ತಾನೆ. ಕೊಲೆಗಡುಕರಿಂದ ತಪ್ಪಿಸಿಕೊಳ್ಳಲು ಚಕ್ರವರ್ತಿಯು ಅದೇ ಕೋಣೆಯ ಗುಪ್ತದ್ವಾರದಿಂದ ಹಾದುಹೋಗುವಾಗ ಕೈದಿಯ ಹಣೆಬರಹ ಬದಲಾಗುತ್ತದೆ. ಎರಡು ದಶಕಗಳು ಕಳೆದರೂ ಈ ಆಟವನ್ನು ಹುಡುಕಿಕೊಂಡು ಬರುವವರು ಇದ್ದಾರೆ. ಬಂದವರಲ್ಲಿ ಹಲವರು ಮುಗ್ಗರಿಸುವುದು ಮಾತ್ರ ಒಂದೇ ಕಡೆ: ಆಟದ ‘ಮಟ್ಟ’ಗಳ ಲೆಕ್ಕದಲ್ಲಿ.

ದಾಳದಿಂದ ದುಡಿಮೆಗೆ

ಮೆಟ್ಟಿಲೇರುವ ಆಟ ನಮಗೆ ಹೊಸದೇನಲ್ಲ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಪರಮಪದ ಸೋಪಾನ ಪಟವನ್ನು ಹರಡಿ ಕುಳಿತ ಮನೆಗಳೆಷ್ಟೋ! ಅಲ್ಲಿ ಏಣಿ ಸಿಕ್ಕರೂ ಹಾವು ನುಂಗಿದರೂ ಅದು ದಾಳದ ಕೃಪೆ. ಆಡುವವನು ಜಾಣನೋ ಮಂಕನೋ ಎಂದು ಪಟ ಕೇಳುವುದಿಲ್ಲ.

೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ರಚಿಸಿದರು. ಇದರಲ್ಲಿ ಆಟಗಾರನು ಕಾಯಿಯನ್ನು ನಡೆಸುವುದಿಲ್ಲ. ನಾಟಕದಲ್ಲಿ ವೇಷ ಕಟ್ಟಿದಂತೆ ತಾನೇ ಒಂದು ಪಾತ್ರವಾಗುತ್ತಾನೆ. ದಾಳ ಇಲ್ಲಿಯೂ ಉಂಟು. ಆದರೆ ಪಾತ್ರವು ಮಾಡಿದ ಸಾಹಸಗಳಿಗೆಲ್ಲ ಅನುಭವದ ಅಂಕಗಳುಂಟು. ಅಂಕಗಳು ಕೂಡಿದಂತೆ ಪಾತ್ರದ ಮಟ್ಟ ಏರುತ್ತದೆ. ಕಾಗದ, ಸೀಸದ ಕಡ್ಡಿಗಳಿಂದ ಇಡಬೇಕಾಗಿದ್ದ ಈ ಜಮಾಖರ್ಚನ್ನು ಮುಂದೆ ಕಂಪ್ಯೂಟರು ವಹಿಸಿಕೊಂಡಿತು. ೧೯೮೧ರಲ್ಲಿ ಬಂದ ‘ಅಲ್ಟಿಮಾ’, ‘ವಿಜಾರ್ಡ್ರಿ’ ಎಂಬ ಆಟಗಳು ಈ ದಾರಿಯನ್ನು ಹಸನು ಮಾಡಿದವು.

ಎಲ್ಡರ್ ಸ್ಕ್ರೋಲ್ಸ್ ಮಾಲೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶತ್ರುವನ್ನು ಗೆದ್ದುದಕ್ಕಾಗಿ ಒಟ್ಟಾರೆ ಅಂಕ ಕೊಡುವ ಬದಲು, ಯಾವ ಕೆಲಸ ಮಾಡಿದರೆ ಆ ಕೆಲಸವೇ ಕೈಗೆ ಹತ್ತುವಂತೆ ಮಾಡಿದರು. ಕತ್ತಿ ಬೀಸಿದವನಿಗೆ ಕತ್ತಿವರಸೆ, ಓಡಿದವನಿಗೆ ಓಟ, ಮೂಲಿಕೆ ಅರೆದವನಿಗೆ ಔಷಧ ವಿದ್ಯೆ. ‘ಮಾಡಿ ಕಲಿ’ ಎಂಬ ಹಿರಿಯರ ಮಾತೇ ಇಲ್ಲಿ ಆಟದ ಕಟ್ಟಳೆ. ಆದರೆ ಈ ಸರಳ ತತ್ತ್ವದ ಹಿಂದೆ ಅಬ್ಲಿವಿಯನ್ ಇಟ್ಟಿರುವ ಲೆಕ್ಕ ಸರಳವಲ್ಲ.

ಮಟ್ಟದ ಲೆಕ್ಕ

ಪಾತ್ರಕ್ಕೆ ಒಟ್ಟು ೨೧ ಕೌಶಲಗಳು. ಅವುಗಳಲ್ಲಿ ೭ನ್ನು ಆಟದ ಮೊದಲಿನಲ್ಲಿಯೇ ಪ್ರಧಾನವೆಂದು ಆರಿಸಿಕೊಳ್ಳಬೇಕು, ಉಳಿದವು ಗೌಣ. ಇವಲ್ಲದೆ ಶಕ್ತಿ, ಬುದ್ಧಿ, ಮನೋಬಲ, ಚುರುಕು, ವೇಗ, ತಾಳಿಕೆ, ವ್ಯಕ್ತಿತ್ವ, ಅದೃಷ್ಟ ಎಂಬ ೮ ಗುಣಗಳು. ಅದೃಷ್ಟವನ್ನು ಬಿಟ್ಟು ಮಿಕ್ಕ ಪ್ರತಿ ಗುಣದ ಆಶ್ರಯದಲ್ಲಿ ಮೂರು ಮೂರು ಕೌಶಲಗಳಿವೆ.

ಪ್ರಧಾನ ಕೌಶಲಗಳಲ್ಲಿ ಎಲ್ಲ ಸೇರಿ ೧೦ ಏರಿಕೆಗಳಾದರೆ ಪಾತ್ರವು ಮುಂದಿನ ಮಟ್ಟಕ್ಕೆ ಅರ್ಹ. ಆದರೆ ಹಾಸಿಗೆ ಕಂಡು ಮಲಗಿ ಎದ್ದಲ್ಲದೆ ಮಟ್ಟ ಏರದು. ಎದ್ದಾಗ ಮೂರು ಗುಣಗಳನ್ನು ಆರಿಸಿ ಹೆಚ್ಚಿಸಿಕೊಳ್ಳಬಹುದು. ಎಷ್ಟು ಹೆಚ್ಚು ಎಂಬುದು ಹಿಂದಿನ ದುಡಿಮೆಗೆ ಸೇರಿದ್ದು. ಆ ಗುಣದ ಆಶ್ರಯದ ಕೌಶಲಗಳು ಒಂದೂ ಏರದಿದ್ದರೆ ೧ ಅಂಕ. ೧ರಿಂದ ೪ರವರೆಗೆ ಏರಿದ್ದರೆ ೨. ೫ರಿಂದ ೭ಕ್ಕೆ ೩. ೮ ಅಥವಾ ೯ಕ್ಕೆ ೪. ೧೦ ಮುಟ್ಟಿದರೆ ೫. ಅದೃಷ್ಟಕ್ಕೆ ಎಂದೂ ಒಂದೇ ಅಂಕ.

ಇಲ್ಲಿಯೇ ಗಂಟು ಇರುವುದು. ಮಟ್ಟವನ್ನು ಏರಿಸುವವು ಪ್ರಧಾನ ಕೌಶಲಗಳು ಮಾತ್ರ. ಗುಣವನ್ನು ಬೆಳೆಸುವುದರಲ್ಲಿ ಗೌಣವೂ ಪ್ರಧಾನದಷ್ಟೇ ಸಮರ್ಥ.

ಬಲವಿಲ್ಲದ ಬಡ್ತಿ

ಹೊಸಬನೊಬ್ಬನು ಸಹಜವಾಗಿಯೇ ತಾನು ಹೆಚ್ಚು ಬಳಸುವ ಕೌಶಲಗಳನ್ನೆಲ್ಲ ಪ್ರಧಾನವೆಂದು ಆರಿಸಿದನೆಂದುಕೊಳ್ಳಿ. ಓಡುತ್ತ ನೆಗೆಯುತ್ತ ಊರೂರು ಸುತ್ತಿದ. ಓಟ, ನೆಗೆತಗಳಲ್ಲಿ ೫ ಏರಿಕೆಗಳಾದವು. ಕತ್ತಿವರಸೆಯಲ್ಲಿ ೨, ಔಷಧ ವಿದ್ಯೆಯಲ್ಲಿ ೨, ವ್ಯಾಪಾರದಲ್ಲಿ ೧. ಹತ್ತು ತುಂಬಿತು. ಮಲಗಿ ಎದ್ದ. ಅವನಿಗೆ ದೊರೆತದ್ದು ವೇಗಕ್ಕೆ ೩, ಶಕ್ತಿಗೆ ೨, ಬುದ್ಧಿಗೆ ೨, ಒಟ್ಟು ೭. ದೊರೆಯಬಹುದಾಗಿದ್ದದ್ದು ೧೫. ಹೀಗೆಯೇ ಹತ್ತು ಮಟ್ಟ ಏರಿದರೆ ೧೫೦ ಅಂಕಗಳಿರಬೇಕಾದಲ್ಲಿ ೭೦ ಇರುತ್ತವೆ.

ನಾಡೆಲ್ಲ ಇದ್ದಂತೆಯೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಆದರೆ ಅಬ್ಲಿವಿಯನ್ನಿನಲ್ಲಿ ಶತ್ರುಗಳು ಬಹುಮಟ್ಟಿಗೆ ಆಟಗಾರನ ಮಟ್ಟವನ್ನು ನೋಡಿಕೊಂಡೇ ಬೆಳೆಯುತ್ತಾರೆ. ನಿನ್ನೆ ಹರಕು ತೊಗಲು ತೊಟ್ಟು ದಾರಿ ಕಾಯುತ್ತಿದ್ದ ದರೋಡೆಗಾರನು ನಾಳೆ ಅರಸುಮಕ್ಕಳಿಗೂ ಸಿಗದ ಬೆಲೆಯುಳ್ಳ ಕವಚ ತೊಟ್ಟು ಎದುರಾಗುತ್ತಾನೆ. ಶತ್ರುವು ಕೇಳುವುದು ಮಟ್ಟದ ಸಂಖ್ಯೆಯನ್ನು; ಆ ಸಂಖ್ಯೆಯ ಹಿಂದೆ ಬಲವಿದೆಯೇ ಎಂಬುದನ್ನಲ್ಲ. ಸಂಬಳ ಹೆಚ್ಚದೆ ಹೊಣೆ ಮಾತ್ರ ಹೆಚ್ಚಿದ ಗುಮಾಸ್ತನ ಪಾಡು ನಮ್ಮ ಆಟಗಾರನದು. ವಾರಗಟ್ಟಲೆ ಆಡಿ, ಮೊದಲಿಗಿಂತ ದುರ್ಬಲನಾದೆನೆಂದು ಬೇಸರಗೊಂಡು ಕೈಬಿಟ್ಟವರಿದ್ದಾರೆ. ತಪ್ಪು ಅವರ ಕೈಚಳಕದಲ್ಲಿರಲಿಲ್ಲ, ಆಯ್ಕೆಯಲ್ಲಿತ್ತು.

ಲೆಕ್ಕ ತಿಳಿದವನ ದಾರಿ

ಗುಟ್ಟು ಇಷ್ಟೇ: ಅರಿವಿಲ್ಲದೆ ತಾನೇ ಏರುವ ಓಟ, ನೆಗೆತಗಳಂಥ ಕೌಶಲಗಳನ್ನು ಗೌಣದಲ್ಲಿ ಬಿಡಬೇಕು, ಬೇಕೆಂದಾಗ ಮಾತ್ರ ಏರಿಸಬಹುದಾದವನ್ನು ಪ್ರಧಾನ ಮಾಡಿಕೊಳ್ಳಬೇಕು. ಆಗ ಮಟ್ಟ ನಿಧಾನವಾಗಿ ಏರುತ್ತದೆ. ನಡುವೆ ಗೌಣ ಕೌಶಲಗಳ ದುಡಿಮೆಯಿಂದ ಗುಣಗಳಿಗೆ ತಳಹದಿ ಬೀಳುತ್ತದೆ. ಊರುಗಳಲ್ಲಿರುವ ಗುರುಗಳಿಗೆ ಹಣ ತೆತ್ತು, ಒಂದು ಮಟ್ಟದೊಳಗೆ ೫ ಸಲ ಪಾಠ ಹೇಳಿಸಿಕೊಳ್ಳಲು ಅವಕಾಶವೂ ಇದೆ.

ತಾಳಿಕೆಯೆಂಬ ಗುಣವನ್ನು ಆರಂಭದಲ್ಲಿಯೇ ಬೆಳೆಸುವುದು ಜಾಣತನ. ಪ್ರತಿ ಮಟ್ಟದಲ್ಲಿಯೂ ತಾಳಿಕೆಯ ಹತ್ತನೆಯ ಒಂದು ಪಾಲು ಪ್ರಾಣಬಲಕ್ಕೆ ಸೇರುತ್ತದೆ. ತಾಳಿಕೆ ೪೦ ಇದ್ದರೆ ೪, ೧೦೦ ಇದ್ದರೆ ೧೦. ತಡವಾಗಿ ಬೆಳೆಸಿದವನಿಗೆ ಹಿಂದಿನ ಬಾಕಿ ತುಂಬಿಬರುವುದಿಲ್ಲ. ಎಳೆತನದಲ್ಲಿ ಇಟ್ಟ ಉಳಿತಾಯಕ್ಕೆ ಬಡ್ಡಿ ಹೆಚ್ಚೆಂಬುದನ್ನು ಸಂಸಾರವಂದಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಲೆಕ್ಕಕ್ಕೂ ಒಂದು ಮಿತಿಯಿರಬೇಕು. ಮಗ್ಗುಲಲ್ಲಿ ಕಾಗದವಿಟ್ಟುಕೊಂಡು ಪ್ರತಿಯೊಂದು ಏರಿಕೆಗೂ ಗೀಟು ಹಾಕುತ್ತ ಆಡಿದವರೂ ಉಂಟು. ಅವರ ಪಾತ್ರ ಬಲಿಷ್ಠವಾಯಿತು, ಆಟ ಕಚೇರಿಯಾಯಿತು. ಪ್ರತಿ ಮಟ್ಟದಲ್ಲಿ ಎರಡು ಗುಣಗಳನ್ನು ಚೆನ್ನಾಗಿ ಬೆಳೆಸಿ, ಮೂರನೆಯ ಆಯ್ಕೆಯನ್ನು ಅದೃಷ್ಟಕ್ಕೆ ಬಿಡುವುದು ಮಧ್ಯಮ ಮಾರ್ಗ. ಅಷ್ಟೂ ಬೇಡವೆನ್ನುವವರಿಗೆ ಆಟದ ಕಾಠಿಣ್ಯವನ್ನು ತಗ್ಗಿಸುವ ಏರ್ಪಾಡು ಆಟದಲ್ಲಿಯೇ ಇದೆ. ಸೆರೆಮನೆಯ ಸುರಂಗದಿಂದ ಹೊರಬೀಳುವ ಮುನ್ನ ಆಯ್ಕೆಗಳನ್ನೆಲ್ಲ ತಿದ್ದಿಕೊಳ್ಳಲು ಕಡೆಯ ಅವಕಾಶ ಸಿಗುತ್ತದೆ. ಅಲ್ಲಿ ಅವಸರ ಪಡದಿರುವುದೇ ಮುಖ್ಯ.

ಹಳೆಯ ಆಟ, ಹೊಸ ಯಂತ್ರ

ಲೆಕ್ಕ ತಿಳಿದರೆ ಸಾಲದು. ಆಟವು ಇಂದಿನ ಯಂತ್ರದಲ್ಲಿ ನಡೆಯಬೇಕಷ್ಟೆ. ಅಬ್ಲಿವಿಯನ್ ೩೨ ಬಿಟ್‌ಗಳ ಕಾಲದ ಕೃತಿ. ಕಂಪ್ಯೂಟರಿನಲ್ಲಿ ಎಷ್ಟೇ ಸ್ಮರಣೆಯಿದ್ದರೂ ತಾನಾಗಿ ೨ ಗಿಗಾಬೈಟಿಗಿಂತ ಹೆಚ್ಚನ್ನು ಬಳಸದು. ಅಭಿಮಾನಿಗಳು ರಚಿಸಿದ ತಿದ್ದುಪಡಿಗಳನ್ನು ಹೇರಿದರೆ ನಡುವೆಯೇ ನಿಂತುಹೋಗುವುದುಂಟು. ಈ ಮಿತಿಯನ್ನು ೪ ಗಿಗಾಬೈಟಿಗೆ ಏರಿಸುವ ಚಿಕ್ಕ ಸಾಧನವನ್ನು ಬಲ್ಲವರು ಬಳಸುತ್ತಾರೆ. ವಿಂಡೋಸಿನ ‘ಪ್ರೋಗ್ರಾಮ್ ಫೈಲ್ಸ್’ ಕಡತಕೋಶವು ಬೇರೆಯವರ ಕೈಗೆ ಸುಲಭವಾಗಿ ಬಾಗಿಲು ತೆರೆಯದಾದ್ದರಿಂದ, ತಿದ್ದುಪಡಿ ಸೇರಿಸಬೇಕೆನ್ನುವವರು ಆಟವನ್ನು ಬೇರೊಂದು ಜಾಗದಲ್ಲಿ ಸ್ಥಾಪಿಸಿಕೊಳ್ಳುವುದು ಲೇಸು. ಆಟದ ಸ್ಥಿತಿಯನ್ನು ಒಂದೇ ಹೆಸರಿನಲ್ಲಿ ಮತ್ತೆ ಮತ್ತೆ ಉಳಿಸದೆ ಬೇರೆ ಬೇರೆಯಾಗಿ ಉಳಿಸುವುದು ಇನ್ನೊಂದು ಎಚ್ಚರಿಕೆ.

ಇದೇ ಮಾಲೆಯ ಮೊದಲೆರಡು ಆಟಗಳಾದ ‘ಅರೀನಾ’ (೧೯೯೪), ‘ಡ್ಯಾಗರ್‌ಫಾಲ್’ (೧೯೯೬) ಇನ್ನೂ ಹಳೆಯವು. ಇವೆರಡನ್ನೂ ತಯಾರಕರೇ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ. ಹಳೆಯ ಡಾಸ್ ಯಂತ್ರದ ವೇಷವನ್ನು ಹೊಸ ಯಂತ್ರಕ್ಕೆ ತೊಡಿಸುವ ‘ಡಾಸ್‌ಬಾಕ್ಸ್’ ಎಂಬ ತಂತ್ರಾಂಶದಿಂದ ಅವುಗಳನ್ನು ಇಂದಿಗೂ ಆಡಬಹುದು.

ಇಷ್ಟೆಲ್ಲ ಶ್ರಮವೇಕೆ ಎನ್ನುವವರು ಮೈಸೂರಿನತ್ತ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಬಗೆಬಗೆಯ ಪಟದ ಆಟ, ಗಂಜೀಫ ಎಲೆಗಳ ಆಟಗಳನ್ನು ರಚಿಸಿದುದಲ್ಲದೆ, ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ಯಲ್ಲಿ ಆಟಗಳ ವಿವರಗಳನ್ನೂ ದಾಖಲಿಸಿದರು. ಪಟ ಉಳಿದು ನಿಯಮ ಮರೆತುಹೋದರೆ ಅದು ಗೋಡೆಯ ಚಿತ್ರ. ನಿಯಮವೂ ಉಳಿದರೆ ಆಟ. ಕಂಪ್ಯೂಟರಿನ ಆಟಗಳಿಗೂ ಈ ಮಾತು ಸಲ್ಲುತ್ತದೆ.

೨೦೨೫ರ ಏಪ್ರಿಲ್ ೨೨ರಂದು ಅಬ್ಲಿವಿಯನ್ನಿನ ನವೀಕೃತ ಆವೃತ್ತಿ ಹೊರಬಂತು. ಅದರಲ್ಲಿ ಗೌಣ ಕೌಶಲಗಳೂ ಮಟ್ಟಕ್ಕೆ ನೆರವಾಗುತ್ತವೆ. ಮಟ್ಟ ಏರಿದವರಿಗೆಲ್ಲ ಗುಣಗಳಿಗೆ ಹಂಚಲು ೧೨ ಅಂಕಗಳು ತಪ್ಪದೆ ದೊರೆಯುತ್ತವೆ. ಹಳೆಯ ಲೆಕ್ಕದ ಮುಳ್ಳನ್ನು ಹೀಗೆ ಮುರಿಯಲಾಗಿದೆ. ಹೊಸಬರಿಗೆ ಇದು ಸುಖ. ಆದರೆ ಮಟ್ಟ ಬೇರೆ, ಬಲ ಬೇರೆ ಎಂಬ ಕಹಿಪಾಠವನ್ನು ಕಲಿಸುವುದು ಹಳೆಯ ಆಟವೇ.

ಆ ಪಾಠ ಕಂಪ್ಯೂಟರಿನ ಮುಂದೆಯೇ ಮುಗಿಯುವುದಿಲ್ಲ. ಉತ್ತೀರ್ಣನಾದರೂ ಪಾಠ ತಲೆಗೆ ಹತ್ತದ ವಿದ್ಯಾರ್ಥಿಗೆ ಮುಂದಿನ ತರಗತಿಯ ಪ್ರಶ್ನೆಪತ್ರಿಕೆ ರಿಯಾಯಿತಿ ತೋರಿಸುವುದಿಲ್ಲ. ಬೇಸಗೆಯ ರಜೆಯಲ್ಲಿ ಮನೆಯ ಹುಡುಗನೋ ಹುಡುಗಿಯೋ “ಇಪ್ಪತ್ತನೆಯ ಮಟ್ಟ ತಲುಪಿದೆ!” ಎಂದು ಕುಣಿದು ಬಂದರೆ, ಹಿರಿಯರು ಗದರಿಸಬೇಕಾಗಿಲ್ಲ, ಬೆರಗಾಗಬೇಕಾಗಿಯೂ ಇಲ್ಲ. “ಏನು ಮಾಡಿ ತಲುಪಿದೆ?” ಎಂದು ಕೇಳಿದರೆ ಸಾಕು. ಉತ್ತರವನ್ನು ವಿವರವಾಗಿ ಹೇಳಬಲ್ಲ ಮಗುವಿಗೆ ಆಟದ ಲೆಕ್ಕ ತಿಳಿದಿದೆಯೆಂದೇ ಅರ್ಥ.