ಸುಣ್ಣದ ತಿಳಿಯಲ್ಲಿ ಹೊಳೆದ ಡಾಕ್ಸಿ

ಖೋಟಾ ನೋಟು ಪತ್ತೆ ಮಾಡಲು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳುವ ನೀಲಿ ದೀಪಕ್ಕೆ ಇನ್ನೊಂದು ಉಪಯೋಗವೂ ಇದೆ ಎಂದು ನಾನು ಕಂಡದ್ದು ಕಾರ್ಕಳ ಸೀಮೆಯ ಒಂದು ಪುಟ್ಟ ಮೆಡಿಕಲ್ ಶಾಪ್‌ನಲ್ಲಿ. ಹೊರಗೆ ಜಡಿಮಳೆ. ಗದ್ದೆ ಕೆಲಸದವರೊಬ್ಬರು ಇಲಿಜ್ವರಕ್ಕೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ನಿಂತಿದ್ದರು. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ‘ಹೊಟ್ಟೆ ಉರಿಯುವುದು ಬೇಡ ಅಂತ ಹಾಲಿನ ಜೊತೆ ತೆಗೊಳ್ತೇನೆ, ಆಗದಾ?’ ಎಂದು ಕೇಳಿದರು.

ಅಂಗಡಿಯ ಫಾರ್ಮಸಿಸ್ಟ್ ಅಕ್ಕ ಬೇಡವೆಂದು ಹೇಳಿ ಸುಮ್ಮನಾಗಲಿಲ್ಲ. ಡೇಟ್‌ಬಾರ್ ಆಗಿ ಕಂಪೆನಿಗೆ ವಾಪಸ್ ಕಳಿಸಲು ತೆಗೆದಿಟ್ಟಿದ್ದ ಸ್ಟ್ರಿಪ್‌ನಿಂದ ಒಂದು ಡಾಕ್ಸಿ ಕ್ಯಾಪ್ಸೂಲ್ ಬಿಚ್ಚಿದರು. ಚಿಟಿಕೆ ಹಳದಿ ಪುಡಿಯನ್ನು ಬರಿ ನೀರಿನ ಲೋಟಕ್ಕೆ, ಇನ್ನೊಂದು ಚಿಟಿಕೆಯನ್ನು ಸುಣ್ಣದ ತಿಳಿ ಇದ್ದ ಲೋಟಕ್ಕೆ ಹಾಕಿದರು. ಸುಣ್ಣ ಅವರ ಅತ್ತೆಯ ಎಲೆಯಡಿಕೆ ತಟ್ಟೆಯದ್ದಂತೆ. ಷಟರ್ ಅರ್ಧ ಇಳಿಸಿ ನೀಲಿ ದೀಪ ಹಾಕಿದಾಗ ನೀರಿನ ಲೋಟ ಮಂಕಾಗಿಯೇ ಉಳಿಯಿತು, ಸುಣ್ಣದ ಲೋಟ ಹಸಿರು ಬೆರೆತ ಹಳದಿಯಾಗಿ ಹೊಳೆಯಿತು.

‘ನೋಡಿ ಅಣ್ಣ, ಸುಣ್ಣ ಮದ್ದನ್ನು ಹಿಡ್ಕೊಂಡಿತು. ಹಾಲಿನಲ್ಲಿರುವ ಸುಣ್ಣದಂಶವೂ ಹೀಗೇ ಹಿಡ್ಕೊಳ್ತದೆ. ಹಿಡ್ಕೊಂಡದ್ದು ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಹೋಗುವುದಿಲ್ಲ,’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಬೇಡ ಅಂದ್ರೆ ಯಾರೂ ಕೇಳುವುದಿಲ್ಲ ಮಾರಾಯ್ರೆ. ಎಂತಕ್ಕೆ ಬೇಡ ಅಂತ ಹೇಳಿದ್ರೆ ಕೇಳ್ತಾರೆ,’ ಎಂದು ನಕ್ಕರು.

ಆ ಹೊಳಪು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಈ ಮದ್ದಿನ ಮೇಲಿರುವ ಅರ್ಧದಷ್ಟು ಕಟ್ಟುಪಾಡುಗಳಿಗೆ ಹೀಗೆ ಹಿಡಿದುಕೊಳ್ಳುವ ಗುಣವೊಂದೇ ಕಾರಣ. ಟೆಟ್ರಾಸೈಕ್ಲಿನ್ ಕುಟುಂಬದ ಆ್ಯಂಟಿಬಯೋಟಿಕ್‌ಗಳಿಗೆ ಲೋಹ ಕಂಡರೆ ಅಂಟಿಕೊಳ್ಳುವ ಚಾಳಿ. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಯಾವುದಾದರೂ ಸರಿ. ಹಾಗೆ ನೋಡಿದರೆ ಹಾಲಿನ ಮೇಲೆ ಹೊರಿಸುವ ಅಪವಾದ ಡಾಕ್ಸಿಯ ಮಟ್ಟಿಗೆ ಸ್ವಲ್ಪ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಹಳೆಯ ಟೆಟ್ರಾಸೈಕ್ಲಿನ್ ಹಾಲಿನ ಜೊತೆ ಅರ್ಧಕ್ಕೂ ಹೆಚ್ಚು ನಷ್ಟವಾಗುತ್ತಿತ್ತು, ಡಾಕ್ಸಿಯ ನಷ್ಟ ಸುಮಾರು ಐದರಲ್ಲೊಂದು ಪಾಲು. ಹೊಟ್ಟೆ ತೊಳಸಿದರೆ ಊಟ ಮಾಡಿ ತೆಗೆದುಕೊಳ್ಳಲು ಅಡ್ಡಿಯಿಲ್ಲ. ನಿಜವಾದ ಕಳ್ಳರು ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಮತ್ತು ಗ್ಯಾಸ್‌ಗೆಂದು ಕುಡಿಯುವ ಗುಲಾಬಿ ಬಣ್ಣದ ಸಿರಪ್. ಇವನ್ನು ದಿನವೂ ತೆಗೆದುಕೊಳ್ಳುವವರು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಬೇಕು. ಎಷ್ಟು ಹೊತ್ತಿನ ಅಂತರ ಬಿಡಬೇಕು, ಇಲ್ಲವೇ ಅಷ್ಟು ದಿನ ನಿಲ್ಲಿಸಬೇಕೇ ಎಂದು ಅವರೇ ಹೇಳುತ್ತಾರೆ.

ಇತಿಹಾಸ ಚಿಕ್ಕದು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಹೊಲದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಈ ಕುಟುಂಬದ ಮೊದಲ ಮದ್ದು ಆರಿಯೊಮೈಸಿನ್ ಸಿಕ್ಕಿತು. ಕಂಡುಹಿಡಿದವರು ನಿವೃತ್ತಿಯ ನಂತರ ಲೆಡರ್ಲೆ ಕಂಪೆನಿ ಸೇರಿದ್ದ, ಎಪ್ಪತ್ತು ದಾಟಿದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ನಮ್ಮ ನೆರೆನಾಡಿನ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಮದ್ದು ಲೋಕಕ್ಕೆ ಗೊತ್ತಾಯಿತು, ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಡಾಕ್ಸಿಸೈಕ್ಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1967ರಲ್ಲಿ.

ಆದರೆ ನನ್ನನ್ನು ಹಿಡಿದಿಟ್ಟದ್ದು ಇದಕ್ಕೂ ಹದಿನೈದು ಶತಮಾನ ಹಿಂದಿನ ಕಥೆ. ಸುಡಾನಿನ ವಾದಿ ಹಲ್ಫಾ ಬಳಿ ಸಿಕ್ಕ ಪ್ರಾಚೀನ ನುಬಿಯಾ ಜನರ ಎಲುಬುಗಳು ಸುಮಾರು ಕ್ರಿ.ಶ. 350ರಿಂದ 550ರ ನಡುವಿನವು. ಅವುಗಳ ತೆಳುವಾದ ಸೀಳನ್ನು ನೇರಳಾತೀತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟಾಗ ಹಳದಿ ಹಸಿರಿನ ಹೊಳಪು ಕಂಡಿತು. ಎಲುಬು ಬೆಳೆಯುವಾಗ ರಕ್ತದಲ್ಲಿ ಟೆಟ್ರಾಸೈಕ್ಲಿನ್ ಇದ್ದರೆ ಅದು ಅಲ್ಲಿನ ಸುಣ್ಣಕ್ಕೆ ಅಂಟಿ ಮರದ ಬಳೆಯ ಹಾಗೆ ಗೆರೆ ಉಳಿಸುತ್ತದೆ. ಎಲುಬು ಬೆಳೆಯುವ ವೇಗ ಅಳೆಯಲು ಇಂದಿನ ವೈದ್ಯರೂ ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ: ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ಮದ್ದು ಕೊಟ್ಟು, ಎರಡು ಗೆರೆಗಳ ನಡುವಿನ ದೂರ ನೋಡುತ್ತಾರೆ. ನುಬಿಯಾದ ಎಲುಬುಗಳಿಗೆ ಅದು ಸತ್ತ ಮೇಲೆ ಮಣ್ಣಿನಿಂದ ಸೇರಿದ್ದಿರಬೇಕು ಎಂದು ಹಲವರು ಅನುಮಾನಿಸಿದರು. ನಾನೂ ಮೊದಲು ಓದಿದಾಗ ಹಾಗೆಯೇ ಅಂದುಕೊಂಡೆ. 1980ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದ ತಂಡದ ಜಾರ್ಜ್ ಆರ್ಮೆಲಾಗೋಸ್ ಪಟ್ಟು ಬಿಡಲಿಲ್ಲ. 2010ರಲ್ಲಿ ರಸಾಯನಶಾಸ್ತ್ರಜ್ಞ ಮಾರ್ಕ್ ನೆಲ್ಸನ್ ಜೊತೆ ಸೇರಿ, ಎಲುಬನ್ನು ಆಮ್ಲದಲ್ಲಿ ಕರಗಿಸಿ ಟೆಟ್ರಾಸೈಕ್ಲಿನ್ ಇದ್ದದ್ದನ್ನು ಖಚಿತಪಡಿಸಿದರು. ನಾಲ್ಕು ವರ್ಷದ ಮಗುವಿನ ತಲೆಬುರುಡೆಯಲ್ಲೂ ಅದು ಹೇರಳವಾಗಿತ್ತು. ಧಾನ್ಯದಿಂದ ನುಬಿಯಾದವರು ಮಾಡುತ್ತಿದ್ದ ಬಿಯರ್‌ನಲ್ಲಿ ಸ್ಟ್ರೆಪ್ಟೊಮೈಸಿಸ್ ಬೆಳೆದು ಮದ್ದು ಸೇರಿರಬೇಕು ಎಂಬುದು ತಂಡದ ವಾದ. ನುಬಿಯಾದವರಿಗೆ ಅದರ ಗುಣ ಗೊತ್ತಿತ್ತು ಎಂದು ಕೆಲವರು ಉಬ್ಬಿಸಿ ಹೇಳುವುದನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಕುಡಿಯಲು ಜನರಿಗೆ ವೈದ್ಯಕೀಯ ಕಾರಣವೇ ಬೇಕೆಂದಿಲ್ಲವಲ್ಲ.

ಎಲುಬಿನಲ್ಲಿ ಗೆರೆ ಬರೆಯುವ ಮದ್ದು ಹಲ್ಲನ್ನು ಬಿಟ್ಟೀತೇ? 1950ರ ದಶಕದ ಕೊನೆಯಲ್ಲಿ, ಟೆಟ್ರಾಸೈಕ್ಲಿನ್ ತೆಗೆದುಕೊಂಡ ಮಕ್ಕಳ ಹಲ್ಲು ಹಳದಿ, ಕಂದು ಬಣ್ಣಕ್ಕೆ ತಿರುಗಿದ ವರದಿಗಳು ಬರತೊಡಗಿದವು. ಎಂಟು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಈ ಕುಟುಂಬವನ್ನು ದೂರವಿಡುವ ರೂಢಿ ಬಂದದ್ದು ಅಲ್ಲಿಂದ. ಡಾಕ್ಸಿ ಸುಣ್ಣಕ್ಕೆ ಅಂಟುವುದು ಕಡಿಮೆ. ಹೀಗಾಗಿ ಸ್ಕ್ರಬ್ ಟೈಫಸ್‌ನಂಥ ಜೀವಕ್ಕೆ ಎರವಾಗುವ ಕಾಯಿಲೆಯಲ್ಲಿ ಚಿಕ್ಕ ಮಕ್ಕಳಿಗೂ ಕೆಲವು ದಿನದ ಮಟ್ಟಿಗೆ ವೈದ್ಯರು ಕೊಡುತ್ತಾರೆ. ಆ ತೀರ್ಮಾನ ಅವರದ್ದು, ಪಕ್ಕದ ಮನೆಯವರದ್ದಲ್ಲ. ಬಸುರಿಯಾಗಿದ್ದರೂ, ಆಗಿರಬಹುದೆಂಬ ಅನುಮಾನವಿದ್ದರೂ ಮೊದಲೇ ಹೇಳಬೇಕು.

ಸುಣ್ಣಕ್ಕೆ ಸಂಬಂಧವಿಲ್ಲದ ಎರಡು ಎಚ್ಚರಿಕೆಗಳನ್ನು ಅಕ್ಕ ಕವರಿನ ಮೇಲೆ ಬರೆದೇ ಕೊಡುತ್ತಾರೆ. ಒಂದು: ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗಬಾರದು. ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಬಿದ್ದರೆ ಕ್ಯಾಪ್ಸೂಲ್ ಅನ್ನನಾಳದಲ್ಲೇ ಕೂತು ಹುಣ್ಣು ಮಾಡುತ್ತದೆ. ಎರಡು: ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ತೋಟಕ್ಕೆ ಹೋಗುವವರು ಟೊಪ್ಪಿ, ತುಂಬುತೋಳಿನ ಅಂಗಿ ಹಾಕಬೇಕು. ಮೈಮೇಲೆ ದದ್ದು, ಮುಖ ಊದುವುದು, ಉಸಿರು ಕಟ್ಟುವುದು, ಬಿಡದ ಭೇದಿ, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಉಳಿಸುವ ಚಟ. ಮೂರನೇ ದಿನಕ್ಕೆ ಜ್ವರ ಇಳಿದರೆ ಉಳಿದ ಎಂಟು ಕ್ಯಾಪ್ಸೂಲ್ ಕಪಾಟು ಸೇರುತ್ತವೆ, ಮುಂದಿನ ಮಳೆಗಾಲದಲ್ಲಿ ಭಾವನ ನೆಗಡಿಗೆ ಹೊರಬರುತ್ತವೆ. ನೆಗಡಿ, ಡೆಂಗಿ ವೈರಸ್‌ನಿಂದ ಬರುವಂಥವು, ಅವುಗಳ ಮೇಲೆ ಡಾಕ್ಸಿ ನಡೆಯದು. ಸುಮ್ಮನೆ ನುಂಗಿದಷ್ಟೂ ಮೈಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮದ್ದನ್ನು ಎದುರಿಸುವ ತರಬೇತಿ. ಹಳತಾದ ಟೆಟ್ರಾಸೈಕ್ಲಿನ್ ನುಂಗಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳು 1963ರಲ್ಲಿ ಅಮೆರಿಕದಲ್ಲಿ ವರದಿಯಾಗಿದ್ದವು. ಎಲ್ಲ ಕಾಯಿಲೆಗೂ ಒಂದೇ ಕೋರ್ಸ್ ಎಂಬ ನಿಯಮವಿಲ್ಲ, ಎಷ್ಟು ದಿನ ಎಂಬುದು ಕಾಯಿಲೆಯ ಮೇಲೆ ನಿಂತಿದೆ. ಬರೆದಷ್ಟು ದಿನ ತೆಗೆದುಕೊಳ್ಳಬೇಕು, ನಡುವೆ ತೊಂದರೆಯಾದರೆ ಬರೆದವರನ್ನೇ ಕೇಳಬೇಕು.

ಸರ್ಕಾರ ಸುಮ್ಮನೆ ಕೂತಿಲ್ಲ. ಡಾಕ್ಸಿ ಷೆಡ್ಯೂಲ್ ಎಚ್‌ನಲ್ಲಿದೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಇನ್ನೂ ಪ್ರಬಲವಾದ ಹಲವು ಆ್ಯಂಟಿಬಯೋಟಿಕ್‌ಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ, ಅಂಗಡಿಯವರು ಅವುಗಳ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ ಎಂದು ಸೂಚಿಸುವ, ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ‘ಗೆರೆ ಎಲ್ಲರಿಗೂ ಕಾಣ್ತದೆ. ಕಂಪೆನಿಯವರ ಡಿಸೈನ್ ಅಂದುಕೊಳ್ತಾರೆ ಅಷ್ಟೆ,’ ಎಂದರು ಅಕ್ಕ. ನನಗೂ ಆ ಗೆರೆಯ ಮೇಲೆ ಅಂಥ ಭರವಸೆಯಿಲ್ಲ. ಗೆರೆ ಬೇಡ ಎನ್ನುತ್ತದೆ, ಯಾಕೆ ಎಂದು ಹೇಳುವುದಿಲ್ಲ.

ಆದ್ದರಿಂದ ಕೇಳಬೇಕಾದವರು ನಾವೇ. ಇದು ಯಾವ ಕಾಯಿಲೆಗೆ, ಎಷ್ಟು ದಿನ, ಯಾವುದರ ಜೊತೆ ಕೂಡದು, ಯಾಕೆ ಕೂಡದು? ಕೇಳಿದರೆ ಸಿಡುಕುವ ಅಂಗಡಿಯಲ್ಲಿ ಕೊಳ್ಳಬೇಡಿ. ಚೀಟಿ ತಂದರೆ ಮಾತ್ರ ಕೊಡುತ್ತೇನೆ ಎಂದು ನಿಮ್ಮನ್ನು ವಾಪಸ್ ಕಳಿಸುವ ಅಂಗಡಿಯ ಮೇಲೆ ಸಿಟ್ಟೂ ಮಾಡಬೇಡಿ. ಚೀಟಿ ಬರೆಸಿಕೊಂಡು ಮತ್ತೆ ಅಲ್ಲಿಗೇ ಹೋಗಿ.